ಮಾಳಿಗೆಯ ಮೇಲೆ ಎರಡು ಬಟ್ಟೆ

ಗದಗ, ಮೇಲಿನ ಓಣಿ
ಫೆಬ್ರವರಿ 30, 2219

ಹಾಗಾಗಿ ನಿನ್ನೆ ಅರ್ಧಕ್ಕೆ ಬಿಟ್ಟದ್ದು ಮಳೆಯ ವಿಷಯ. ಅದನ್ನೇ ಮುಂದುವರಿಸುತ್ತೇನೆ, ಆದರೆ ಇವತ್ತು ನಿನ್ನೆಯಷ್ಟು ಸಾವಕಾಶವಿಲ್ಲ. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಬಿಟ್ಟಿದ್ದಾರೆ, ಆಗ ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಕಾಲೇಜಿನಲ್ಲಿ ಎರಡು ವರ್ಷ ಹಳೆ ಇಂಗ್ಲಿಷ್ ಓದಿದವನು ನಾನು. ನಿಮ್ಮ ಕಾಲದವರು ಅದನ್ನು ಒಗ್ಗರಣೆಯ ಸಾಸಿವೆಯ ಹಾಗೆ ಕನ್ನಡದೊಳಗೆ ಸಿಡಿಸುತ್ತಿದ್ದರೆಂದು ಮೇಷ್ಟರು ಹೇಳುತ್ತಿದ್ದರು. ಈಗ ನೆನಪಿನಲ್ಲಿ ಉಳಿದಿರುವುದು ರಜೆ ಅರ್ಜಿಯ ಪಾಠವೊಂದೇ: ವಿತ್ ರೆಫರೆನ್ಸ್ ಟು ದಿ ಅಬೌವ್ ಸಬ್ಜೆಕ್ಟ್, ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್. ಇಷ್ಟು ಹೇಳಿದರೆ ನಿಮ್ಮಲ್ಲಿ ಏನನ್ನು ಬೇಕಾದರೂ ಕೇಳಬಹುದಿತ್ತು ಎಂದು ತಿಳಿದಿದ್ದೇನೆ. ಅದಕ್ಕೇ ಹೇಳುತ್ತೇನೆ, ವಿತ್ ರೆಫರೆನ್ಸ್ ಟು ದಿ ಅಬೌವ್ ಸಬ್ಜೆಕ್ಟ್, ನನ್ನ ತಲೆಯ ಮೇಲೆ ಒಂದೇ ಗಳಕ್ಕೆ ಎರಡು ಬಟ್ಟೆ ಹಾರಾಡುತ್ತಿವೆ. ಒಂದು ಹಸಿರು, ಒಂದು ಬಿಳಿ. ಹೊತ್ತು ಮುಳುಗುವುದರೊಳಗೆ ಅಲ್ಲಿ ಒಂದೇ ಇರಬೇಕು.

ಇದೆಲ್ಲ ನಿಮ್ಮನ್ನು ನೋಡಲು ಬರುವ ಗದ್ದಲ. ನಿನ್ನೆ ಬರೆದದ್ದು ನಿಮಗೆ ಮುಟ್ಟಿರದಿದ್ದರೆ ಮತ್ತೆ ಹೇಳುತ್ತೇನೆ. ಒಣಗಿದ ಹೊಳೆಯ ಪಾತ್ರದ ಮೇಲೆ ದೊಡ್ಡದೊಂದು ಸೂರು ಕಟ್ಟಿ, ಅದರ ಕೆಳಗೆ ನಿಮ್ಮ ಕಾಲದ ಊರೊಂದನ್ನು ಇಟ್ಟಿದ್ದಾರೆ. ಹಿಂದಿನವರ ಪೇಟೆ ಎಂದು ಅದರ ಹೆಸರು, ನಿಮ್ಮ ಮಾತಿನಲ್ಲಿ ಥೀಮ್ ಪಾರ್ಕ್. ಅಲ್ಲಿ ಕಾರಿನಲ್ಲಿ ಕೂತರೆ ಕಾರು ಮುಂದೆ ಹೋಗುವುದಿಲ್ಲ, ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಾರೆ. ಮಕ್ಕಳಿಗೆ ಅದೆಂದರೆ ಪ್ರಾಣ. ಮದುವೆಯ ಊಟದ ಮನೆಯಲ್ಲಿ ಉಣ್ಣುವವರ ಕುರ್ಚಿಯ ಹಿಂದೆ ನಿಂತು, ಅವರು ಯಾವಾಗ ಮಜ್ಜಿಗೆಗೆ ಬರುತ್ತಾರೋ ಎಂದು ಕಾಯಬಹುದು. ಇದ್ದಕ್ಕಿದ್ದಂತೆ ಕರೆಂಟ್ ಹೋಗುತ್ತದೆ, ಎಲ್ಲರೂ ಓ ಎಂದು ಕೂಗಿ ಕಟ್ಟೆಗೆ ಬಂದು ಕೂರುತ್ತಾರೆ. ಆ ಸೂರಿನ ಕೆಳಗೆ ನಿಮ್ಮ ವರ್ಷದ ನಾಲ್ಕು ಕಾಲಗಳನ್ನೂ ಒಂದಾದ ಮೇಲೊಂದು ನಡೆಸುತ್ತಾರೆ. ಒಂದು ಮನೆತನಕ್ಕೆ ತಲೆಮಾರಿಗೆ ಒಂದೇ ಸರದಿ, ಅದೂ ಒಂದೇ ಕಾಲಕ್ಕೆ. ಸರದಿ ಬಂದ ದಿನ ಮನೆಯ ಹಿರಿಯರು ಮಾಳಿಗೆಯ ಗಳಕ್ಕೆ ಬಟ್ಟೆ ಕಟ್ಟಬೇಕು: ಬೇಸಿಗೆಗೆ ಹಳದಿ, ಮಳೆಗಾಲಕ್ಕೆ ಹಸಿರು, ದಸರೆಗೆ ಕೆಂಪು, ಚಳಿಗಾಲಕ್ಕೆ ಬಿಳಿ. ಸಂಜೆ ಎಣಿಕೆಹದ್ದು ಬರುತ್ತದೆ. ಅದು ಹದ್ದಲ್ಲ, ಹಾರುವ ಯಂತ್ರ. ಅದರ ರೆಕ್ಕೆಯ ಸದ್ದು ಕೇಳಿ ನಮ್ಮ ಮುತ್ತಜ್ಜಂದಿರು ಹಾಗೆ ಕರೆದರು. ಒಪ್ಪಿದ ಮನೆಯ ಮೇಲೆ ಒಂದು ಸುತ್ತು ಹಾಕಿ ಹೋಗುತ್ತದೆ. ಎರಡು ಬಟ್ಟೆ ಕಂಡರೆ ಅದು ಒಡಕು ಮನೆ ಎಂದು ಸುತ್ತು ಹಾಕದೆ ಮುಂದೆ ಹೋಗುತ್ತದೆ. ಆಮೇಲೆ ಸರದಿ ಬರುವ ಹೊತ್ತಿಗೆ ನಮ್ಮ ಹುಲಿಗಿಯ ತಲೆ ನರೆತಿರುತ್ತದೆ.

ಹುಲಿಗಿ ನನ್ನ ಮೊಮ್ಮಗಳು. ಹುಲಿಗೆಮ್ಮ ಎಂದು ಹೆಸರಿಟ್ಟೆವು, ಹುಲಿಯ ಉಸಿರು ಮಾತ್ರ ಬರಲಿಲ್ಲ. ಆಸ್ ಶಿ ಈಸ್ ಸಫರಿಂಗ್ ಫ್ರಮ್ ಬ್ರೀದಿಂಗ್. ವಾಕ್ಯ ಸರಿಯೋ ತಪ್ಪೋ, ಕಷ್ಟ ಅದೇ. ನಮ್ಮಲ್ಲಿ ಬಿಸಿಲು ಏರಿದ ಮೇಲೆ ಊರೆಲ್ಲ ನೆಲಮನೆಗೆ ಇಳಿಯುತ್ತದೆ, ಆ ತಿಂಗಳುಗಳಿಗೆ ಒಳಗಾಲ ಎನ್ನುತ್ತೇವೆ. ಹೋದ ಒಳಗಾಲದಲ್ಲಿ ಕಡಲ ನೀರಿನ ಕೊಳವೆ ಸೋರಿ ನೆಲಮನೆಯ ಗೋಡೆ ಹಸಿ ಹಿಡಿಯಿತು. ಹುಡುಗಿಯ ಎದೆ ಕಟ್ಟಿತು. ತುಟಿ ನೀಲಿಯಾದದ್ದನ್ನು ನೋಡಿದ ಮೇಲೆ ನನ್ನ ಮಗಳು ದ್ಯಾಮವ್ವ ನಗುವುದನ್ನೇ ಬಿಟ್ಟಿದ್ದಾಳೆ. ಈ ವರ್ಷ ಹುಡುಗಿ ಪ್ರಯಾಣ ತಡೆದುಕೊಂಡಾಳು, ಮುಂದಿನದನ್ನು ಹೇಳಲಾರೆ ಎಂದು ವೈದ್ಯೆ ಹೇಳಿದ್ದಾಳೆ. ಸರದಿ ಬಂದಿರುವುದು ಈ ವರ್ಷ.

ಬಟ್ಟೆ ಕಟ್ಟುವುದು ನನ್ನ ಹೆಂಡತಿ ಸಾನ್ವಿಯ ಕೆಲಸವಾಗುತ್ತಿತ್ತು. ನಿಮ್ಮ ಕಾಲದ ಹೆಸರು ಅದು, ಈಗ ಯಾರೂ ಇಡುವುದಿಲ್ಲ. ಅವಳು ಹೋಗಿ ಎರಡನೆಯ ಒಳಗಾಲ ಬರುತ್ತಿದೆ. ಮುದುಕ ಮರೆತಾನು ಎಂಬ ಅಂಜಿಕೆಯಿಂದ, ನಾನು ಉಂಡು ಕಣ್ಣು ಮುಚ್ಚಿದಾಗ ದ್ಯಾಮವ್ವ ಬಂದು ಬಿಳಿ ಕಟ್ಟಿ ಹೋಗಿದ್ದಾಳೆ. ಎದ್ದು ಮುಖ ತೊಳೆದು ಬರುವಷ್ಟರಲ್ಲಿ ಅಳಿಯ ಫಕೀರೇಶ ಅದರ ಪಕ್ಕಕ್ಕೇ ಹಸಿರು ಕಟ್ಟಿದ್ದಾನೆ. ಕಟ್ಟುವ ತಪ್ಪನ್ನು ಯಾರು ಬೇಕಾದರೂ ಮಾಡಬಹುದು, ಬಿಚ್ಚುವ ಹಕ್ಕು ಮಾತ್ರ ಹಿರಿಯರದು. ಹೀಗೆ ಇಬ್ಬರ ಹಟ ನನ್ನ ನೆತ್ತಿಯ ಮೇಲೆ ಪಟಪಟ ಬಡಿಯುತ್ತಿದೆ. ಕೆಳಗಿನ ಮಾತು ಬೆಳಕಿಂಡಿಯಿಂದ ಮೇಲೆ ಬರುತ್ತಿದೆ, ನೀವೂ ಕೇಳಿರಿ.

"ಮಳಿ ಅಂದ್ರ ಹಸಿ, ಹಸಿ ಅಂದ್ರ ಕೆಮ್ಮ. ಹೋದ ವರ್ಷ ಯಾರ ತೊಡಿ ಮ್ಯಾಲ ಬಿದ್ದು ಉಸುರು ಎಳದ್ಲು ಆಕಿ? ನಿಮ್ಮ ತೊಡಿ ಮ್ಯಾಲೇನ್ರಿ?"

"ಅದಕ್ಕ ಚಳಿಗಾಲದ ಎಳಿಬಿಸಲಿಗೆ ಹೋಗೂದನ? ಬಿಸಲು ಕಾಸಾಕ ಅಷ್ಟು ದೂರ ಯಾಕ, ಬಾಗಲಾ ತಗಿ, ಬಿಸಲ ಬಾಯಿ ತಗದು ನಿಂತೈತಿ."

"ಹಂಗಾದ್ರ ನೀವು ಬಚ್ಚಲಕ್ಕ ಹೋಗಿ ನೆತ್ತಿ ಮ್ಯಾಲ ತಂಬಿಗಿ ಸುರಕೋರಿ. ಅದ ನಿಮ್ಮ ಮಳಿ."

"ದ್ಯಾಮೀ, ಒಂದ ಸಲ. ಆಕಿ ಒಂದ ಸಲ ನೋಡ್ಲಿ ಅಂತೀನಿ. ಮುಂದ ನೋಡ್ತಾಳೋ ಇಲ್ಲೋ…"

ಈ ಮಾತಿನ ಮೇಲೆ ಕೆಳಗೆ ಬಾಗಿಲು ಹಾಕಿದ ಸಪ್ಪಳ ಕೇಳಿತು. ಇಬ್ಬರೂ ಅದೇ ಹುಡುಗಿಗಾಗಿ ಹೀಗೆ ಒಬ್ಬರನ್ನೊಬ್ಬರು ಕಚ್ಚುತ್ತಿದ್ದಾರೆ, ಯಾರನ್ನು ತಪ್ಪಿತಸ್ಥರೆನ್ನಲಿ? ನನ್ನ ಕೈ ಒಮ್ಮೆ ಬಿಳಿಯ ಗಂಟಿಗೆ ಹೋಗುತ್ತದೆ, ಒಮ್ಮೆ ಹಸಿರಿನ ಗಂಟಿಗೆ. ಯಾವುದನ್ನು ಬಿಚ್ಚಿದರೂ ಒಬ್ಬರು ನನ್ನನ್ನು ಸಾಯುವ ತನಕ ಕ್ಷಮಿಸಲಾರರು. ಹದ್ದು ಈಗಾಗಲೇ ಊರಿನ ಆ ತುದಿಗೆ ಬಂದಿದೆ, ಕಪ್ಪತಗುಡ್ಡದ ಕಡೆಯ ಮನೆಗಳ ಮೇಲೆ ಚುಕ್ಕಿಯಷ್ಟು ಕಾಣುತ್ತಿದೆ. ಅದಕ್ಕೇ ನಿಮಗೆ ಬರೆಯುತ್ತ ಕೂತಿದ್ದೇನೆ. ಮಳೆಯನ್ನು ವರ್ಷವರ್ಷವೂ ಕಂಡವರು ನೀವು. ಇಂಥ ಎದೆಯ ಮಕ್ಕಳನ್ನು ನೀವು ಜೂನ್ ತಿಂಗಳಲ್ಲಿ ಹೊರಗೆ ಬಿಡುತ್ತಿದ್ದಿರೋ, ಕಿಟಕಿ ಹಾಕಿ ಒಳಗೆ ಕೂರಿಸುತ್ತಿದ್ದಿರೋ? ಪೇಟೆಯ ಬಾಗಿಲಲ್ಲಿ ಕೆಂಪು ಅಂಚೆಡಬ್ಬಿ ಇದೆ, ಅದರಲ್ಲಿ ಹಾಕಿದ ಕಾಗದ ಹಿಂದಿನವರಿಗೆ ಮುಟ್ಟುತ್ತದೆ ಎನ್ನುತ್ತಾರೆ. ಉತ್ತರ ಬಂದ ಸುದ್ದಿ ಈವರೆಗೆ ಕೇಳಿಲ್ಲ.

ನಾನೂ ಸಾನ್ವಿಯೂ ಮದುವೆಯಾದ ಹೊಸದರಲ್ಲಿ ಹೋಗಿದ್ದೆವು, ಹಸಿರು ಬಟ್ಟೆಗೇ. ಅವತ್ತು ಮಳೆಯ ಯಂತ್ರ ಕೆಟ್ಟಿತ್ತು. ಗುಡುಗು ಮಾತ್ರ ಕೆಲಸ ಮಾಡುತ್ತಿತ್ತು. ಬಸ್ ಸ್ಟಾಪಿನ ತಗಡಿನ ಕೆಳಗೆ ಛತ್ರಿ ಹಿಡಿದು ನಾವೆಲ್ಲ ಒಣಗಿಕೊಂಡು ನಿಂತಿದ್ದೆವು. ಗುಡುಗಿದಾಗಲೊಮ್ಮೆ ಎಲ್ಲರೂ ಮೇಲೆ ನೋಡುವುದು, ಮತ್ತೆ ಮುಖ ಮುಖ ನೋಡಿ ನಗುವುದು. ಗುರುತಿಲ್ಲದ ಹೆಂಗಸೊಬ್ಬಳು ಹುರಿದ ಶೇಂಗಾ ಹಂಚಿದಳು. ಮಳೆ ನೋಡದೆ ಬಂದೆವಲ್ಲ ಎಂದು ನಾನು ದಾರಿಯುದ್ದಕ್ಕೂ ಕೊರಗಿದರೆ ಸಾನ್ವಿ ಅಂದಳು, "ಮಳಿ ಬರಲಿಲ್ಲ, ಖರೆ. ಆದ್ರ ಎಲ್ಲಾರೂ ಕೂಡಿ ಮ್ಯಾಲ ನೋಡಿದ್ದು ಖರೇನ ಅಲ್ಲೇನ್ರಿ?" ಈ ಮಾತನ್ನು ಆಮೇಲೆ ಎಷ್ಟೋ ಸಂದರ್ಭಗಳಲ್ಲಿ ಅಂದಳು, ಒಮ್ಮೆ ಅನ್ನ ಸೀದಾಗಲೂ ಅಂದಳು. ನನ್ನ ಮಾತು ಎಲ್ಲಿಗೋ ಹೋಯಿತು. ಹದ್ದು ನಾಗರಕಟ್ಟೆ ದಾಟಿತು.

ಈಗಷ್ಟೇ ಹುಲಿಗಿ ನೀರಿನ ತಂಬಿಗೆ ಹಿಡಿದು ಮೇಲೆ ಬಂದಳು. ಕೊನೆಯ ಮೆಟ್ಟಿಲಿನಲ್ಲಿ ಕೂತು ಚಪ್ಪಲಿಯ ಬಾರು ಸರಿಮಾಡಿಕೊಂಡಳು. ಅದೊಂದು ಅವಳ ಚಾಳಿ, ನೀರಿನ ಸಾಲಿನಲ್ಲಿ ನಿಂತರೂ ಅಷ್ಟೇ, ಗಳಿಗೆಗೊಮ್ಮೆ ಕುಕ್ಕರಿಸಿ ಬಾರು ಎಳೆಯುತ್ತಾಳೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರದವರಿಗೆ ಬಟ್ಟೆಯ ವಿಷಯದಲ್ಲಿ ಮಾತಿಲ್ಲ ಎಂಬುದು ನಮ್ಮ ಪದ್ಧತಿ, ಆದ್ದರಿಂದ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ನಾನು ಪದ್ಧತಿ ಮುರಿದೆ. ಬಿಳಿಯೋ ಹಸಿರೋ, ಯಾವುದು ಬೇಕವ್ವಾ ನಿನಗೆ ಎಂದೆ. ಅವಳು ಬಟ್ಟೆಗಳ ಕಡೆ ನೋಡಲೇ ಇಲ್ಲ.

"ಅಜ್ಜಾ, ಯಾವ ಬಟ್ಟಿಗೆ ಪಾಳಿ ಸಣ್ಣದಿರ್ತೈತಿ?"

ಪಾಳಿ ಎಂದರೆ ನಮ್ಮ ಕಡೆ ಸಾಲು, ನೀವು ಕ್ಯೂ ಎನ್ನುತ್ತಿದ್ದಿರಿ. ಯಾಕೆ ಎಂದು ಕೇಳಿದೆ.

"ನಿಂತ್ರ ಉಸುರು ಸಾಲಂಗಿಲ್ಲ. ಅದಕ್ಕ ಬಾರು ಕಟ್ಟಾಕ ಕುಂದರ್ತೀನಿ. ಅವ್ವಗ ಹೇಳಬ್ಯಾಡ ಮತ್ತ. ಹಳೇ ಬಾರು ಚೊಲೋ ಇಲ್ಲಂತ ಹೊಸಾ ಚಪ್ಪಲಿ ತಂದಾಳ, ಪಾಪ."

ಮಳೆ, ಚಳಿ ಎಂದು ನಾವು ದೊಡ್ಡವರು ಆಕಾಶದ ಕಡೆ ನೋಡಿ ಹೊಡೆದಾಡುತ್ತಿದ್ದೆವು, ಹುಡುಗಿ ತನ್ನ ಕಾಲಿನ ಕಡೆ ನೋಡುತ್ತಿದ್ದಳು. ಕಾಲೇಜಿನ ಪುಸ್ತಕದಲ್ಲಿ ನಿಮ್ಮ ಕಾಲದ ಜಾಹೀರಾತೊಂದಿತ್ತು, ಪ್ರವಾಸಿಗರಿಗೆ ಬರೆದದ್ದು. ಅವಾಯ್ಡ್ ದಿ ರಶ್, ಕಮ್ ಇನ್ ಆಫ್ ಸೀಸನ್. ಎಲ್ಲರೂ ಹೋಗುವಾಗ ಹೋಗಬೇಡ, ಯಾರೂ ಹೋಗದಾಗ ಹೋಗು ಎಂದು ಅದರ ಅರ್ಥ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಇಷ್ಟು ವರ್ಷಗಳ ನಂತರ ಬಾಯಿಗೆ ಬಂತು. ಎದ್ದು ಗಳ ಹಿಡಿದು ಊರ ಮಾಳಿಗೆಗಳನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡಿದೆ, ಬಣ್ಣ ಗೊತ್ತಾಗುವಷ್ಟು ಬೆಳಕು ಇನ್ನೂ ಇತ್ತು. ಸರದಿ ಬಂದ ಮನೆಗಳ ಮೇಲೆಲ್ಲ ಹಸಿರು, ಹಸಿರಿನ ಪಕ್ಕಕ್ಕೆ ಹಸಿರು. ನೇಕಾರರ ಓಣಿಯ ಮೇಲೆ ಕೆಂಪು. ಹೊಸ ಬಡಾವಣೆಯ ಕಡೆ ಬಿಳಿ. ಹಳದಿ ಎಲ್ಲಿಯೂ ಇಲ್ಲ. ಸುಡುವ ಊರಿನಿಂದ ಎದ್ದು ಬೇಸಿಗೆ ನೋಡಲು ಹೋಗುವ ಮರುಳರು ಯಾರಿದ್ದಾರೆ? ಆದರೆ ನಿಮ್ಮ ಬೇಸಿಗೆ ನಮಗೆ ಬೇಸಿಗೆಯೇ ಅಲ್ಲ. ಥೂ, ಎಂಥಾ ಸೆಕೆ ಎಂದು ನೀವು ಬೈದುಕೊಳ್ಳುತ್ತಿದ್ದ ಏಪ್ರಿಲ್ ಮಧ್ಯಾಹ್ನ, ನಮ್ಮಲ್ಲಿ ಮಕ್ಕಳನ್ನು ಬೀದಿಗೆ ಬಿಡುವ ಚಳಿಗಾಲದ ಬೆಳಗು. ಬೇಸಿಗೆಯ ಕೊನೆಗೆ ಅಲ್ಲಿ ಮೋಡ ಕಟ್ಟುತ್ತದೆ, ಗುಡುಗುತ್ತದೆ, ಮಳೆ ಮಾತ್ರ ಬೀಳುವುದಿಲ್ಲ. ಫಕೀರೇಶನಿಗೆ ಮೋಡ ಸಿಕ್ಕಿತು, ದ್ಯಾಮವ್ವನಿಗೆ ಒಣ ನೆಲ.

ಕೂಗಿ ಇಬ್ಬರನ್ನೂ ಮೇಲೆ ಕರೆದೆ. "ಬ್ಯಾಸಗಿಗೆ?" ಎಂದಳು ದ್ಯಾಮವ್ವ. "ಒಲಿಯಿಂದ ಎದ್ದು ಹೆಂಚಿನ ಮ್ಯಾಲ ಕುಂದ್ರೂದನ ಯಪ್ಪಾ?" ಪಾಳಿ ಸಣ್ಣದಿರುತ್ತದೆ, ಹೋದಲ್ಲೆಲ್ಲ ಕೂರಲು ಜಾಗ ಸಿಗುತ್ತದೆ ಎಂದಷ್ಟೇ ಹೇಳಿದೆ. ಅವಳು ಇನ್ನೂ ಏನೋ ಹೇಳಲು ಬಾಯಿ ತೆರೆದವಳು ಮೆಟ್ಟಿಲ ಮೇಲೆ ಕೂತಿದ್ದ ಮಗಳನ್ನು ನೋಡಿದಳು, ಮಗಳ ಹೊಸ ಚಪ್ಪಲಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಬಾರಿಗೆ ಏನೂ ಆಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಬಿಳೀದು ಬಿಚ್ಚಿ ಕೊಡು ಇತ್ತ" ಎಂದಳು.

ನಮ್ಮ ಮನೆಯಲ್ಲಿ ಹಳದಿ ಬಟ್ಟೆಯಿಲ್ಲ, ಬಿಳಿಯನ್ನೇ ಅರಿಶಿನಕ್ಕೆ ಅದ್ದಬೇಕು. ಇಬ್ಬರೂ ಕೆಳಗೆ ಓಡಿದರು. ಈಗ ಬೆಳಕಿಂಡಿಯಿಂದ ಬೇರೆ ಜಗಳ ಬರುತ್ತಿದೆ. "ಸುಣ್ಣದ ಬೋಗಾಣಿ ಮುಟ್ಟಬ್ಯಾಡ್ರಿ! ಅರಿಷಿಣಕ್ಕ ಸುಣ್ಣ ತಾಗಿ ಕೆಂಪಾತಂದ್ರ, ದಸರಾಕ್ಕ ಹೋಗಿ ಆನಿ ಹಿಂದ ಪಾಳಿ ಹಚ್ಚಬೇಕಾಕ್ಕತಿ." "ಗೊತ್ತೈತ್ಲೇ, ನನಗೇನು ಹೇಳಿಕೊಡ್ತಿ, ಇನ್ನಷ್ಟು ಅರಿಷಿಣ ಹಾಕು." ನಾನು ಹಸಿರನ್ನು ಬಿಚ್ಚಬೇಕು. ಫಕೀರೇಶ ಹಾಕಿದ ಗಂಟು, ಅಳಿಯತನದ ಬಲವನ್ನೆಲ್ಲ ಹಾಕಿ ಬಿಗಿದಿದ್ದಾನೆ. ನನ್ನ ಬೆರಳುಗಳಿಗೆ ಬಗ್ಗುತ್ತಿಲ್ಲ. ಹಲ್ಲು ಹಚ್ಚಿದೆ. ಪಕ್ಕದ ಓಣಿಯ ಮೇಲೆ ಹದ್ದಿನ ಸದ್ದು ಕೇಳುತ್ತಿದೆ. ಅಲ್ಲಿ ಯಾರದೋ ಮನೆಗೆ ಸುತ್ತು ಹಾಕಿತು, ಯಾರದೋ ಮನೆಗೆ ಹಾಕಲಿಲ್ಲ, ಆ ಮನೆಯವರು ಅಳುವುದು ಇಲ್ಲಿಗೆ ಬರುತ್ತಿದೆ.

ಗಂಟು ಬಿಚ್ಚಿತು.

ಬಂದರು. ಒದ್ದೆ ಬಟ್ಟೆಯನ್ನು ಇಬ್ಬರೂ ಎರಡು ತುದಿ ಹಿಡಿದು ತಂದರು, ಇಬ್ಬರ ಕೈಯೂ ಮೊಣಕೈ ತನಕ ಹಳದಿ. ಕಟ್ಟುವುದು ನಿನ್ನ ಕೆಲಸ ಎಂದು ನನ್ನ ಕೈಗೆ ಕೊಟ್ಟರು. ಕಟ್ಟಿದೆ. ಹಿಂಡಲು ವೇಳೆಯಿರಲಿಲ್ಲ, ಅದು ತೊಟ್ಟಿಕ್ಕುತ್ತಿದೆ. ಈ ಕಾಗದದ ಮೇಲಿನ ಹಳದಿ ಕಲೆಗಳು ಅದರವು, ತಪ್ಪು ತಿಳಿಯಬೇಡಿ. ಇಂಥ ಬೆಳಕಿನಲ್ಲಿ ಒದ್ದೆ ಹಳದಿ ಹಳದಿಯಾಗಿಯೇ ಕಂಡೀತೋ, ಮಾಸಿದ ಬಿಳಿಯಾಗಿ ಕಂಡೀತೋ ತಿಳಿಯದು. ಹದ್ದು ನಮ್ಮ ಓಣಿಗೆ ತಿರುಗಿದೆ. ದ್ಯಾಮವ್ವ ಗಂಡನ ತೋಳು ಹಿಡಿದಿದ್ದಾಳೆ, ಅಂಗಿಗೆ ಅರಿಶಿನ ಹತ್ತಿದ್ದು ಇಬ್ಬರಿಗೂ ತಿಳಿದಿಲ್ಲ. ಹುಲಿಗಿ ಬಟ್ಟೆಯ ಕೆಳಗೆ ಹೋಗಿ ಕೂತು ಮುಖ ಎತ್ತಿದ್ದಾಳೆ. ಒಂದು ಹನಿ ಹಣೆಗೆ ಬಿತ್ತು, ಒಂದು ಕೆನ್ನೆಗೆ. ಅಂಗೈ ಚಾಚಿ ಮೂರನೆಯದಕ್ಕೆ ಕಾಯುತ್ತಿದ್ದಾಳೆ.

ಸುತ್ತು ಹಾಕಿತು. ಒಂದೇ ಸುತ್ತು, ನಾವೆಲ್ಲರೂ ಕೂಡಿ ಮೇಲೆ ನೋಡಿದೆವು.

ಇನ್ನು ನನ್ನ ಕೋರಿಕೆ, ಬೇಗ ಹೇಳಿ ಮುಗಿಸುತ್ತೇನೆ. ನಿಮ್ಮ ಬೇಸಿಗೆಯ ಕೊನೆಗೆ ಮೋಡ ಕಟ್ಟಿದ ಸಂಜೆ, ನೀವು ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಸೆಕೆಯನ್ನು ಬೈಯುತ್ತಿರುತ್ತೀರಿ. ಬೈಯಿರಿ, ಬೇಡವೆನ್ನುವುದಿಲ್ಲ. ಆದರೆ ಸ್ವಲ್ಪ ಸರಿದು ಕೂರಿ. ಸಣ್ಣ ಹುಡುಗಿ, ಬಹಳ ಜಾಗ ಬೇಡ, ನಿಂತರೆ ಉಸಿರು ಸಾಲದು. ಯುವರ್ಸ್ ಒಬೀಡಿಯೆಂಟ್ ಎಂದು ಬರೆದು ಸಹಿ ಮಾಡುವುದು ಪದ್ಧತಿ, ಆದರೆ ಅಕ್ಷರ ಕಾಣಿಸುತ್ತಿಲ್ಲ, ಬೆಳಕು ಹೋಗು