ಬ್ಯಾಂಕಿನವರಿಗೆ ಹೇಳಿದ ಹೆಸರು

ಕೆಸರೆ, ಮೈಸೂರು
ಯುಗಾದಿ ಕಳೆದು ಮೂರನೆಯ ದಿನ, ೨೦೦೪

ರೀ, ಇಲ್ಲಿ ಕೇಳಿ,

ಇನ್ನೇನು ಬರೆದು ನಿಮ್ಮನ್ನು ಕರೆಯಲಿ? ಇಪ್ಪತ್ತೆರಡು ವರ್ಷ 'ರೀ' ಎಂದೇ ಕರೆದವಳು. ಮಿಲ್ಲು ಓಡುತ್ತಿದ್ದರೆ ಅದೂ ನಿಮಗೆ ಕೇಳಿಸುತ್ತಿರಲಿಲ್ಲ. ಯಾರದ್ದಾದರೂ ರಾಗಿ ಡಬ್ಬ ತಗೊಂಡು ಅದರ ಮುಚ್ಚಳದ ಮೇಲೆ ಟಣ ಟಣ ಬಡಿಯುತ್ತಿದ್ದೆ, ಮುಖದ ತುಂಬ ಹಿಟ್ಟು ಮೆತ್ತಿಕೊಂಡು ನೀವು ತಿರುಗುತ್ತಿದ್ದಿರಿ. ನೀವು ಹೋಗಿ ಹದಿನಾಲ್ಕು ತಿಂಗಳಾಯಿತು. ಈಗ ಎಲ್ಲಿ ಬಡಿದರೆ ತಿರುಗುತ್ತೀರೋ ಗೊತ್ತಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಳುವುದಕ್ಕೆ ಅಂದುಕೊಳ್ಳಬೇಡಿ. ಜಗಳ ಆಡುವುದಿದೆ. ಸ್ವಲ್ಪ ನಿಮ್ಮ ಮೇಲೆ, ಸ್ವಲ್ಪ ಬ್ಯಾಂಕಿನವರ ಮೇಲೆ, ಹೆಚ್ಚಿಗೆ ನನ್ನ ಮೇಲೆ.

ಮೊದಲು ಮಿಲ್ಲಿನ ವಿಷಯ ಹೇಳಿಬಿಡುತ್ತೇನೆ. ಕಾರ್ತಿಕ ಮಾಸದಲ್ಲಿ ಮಾಲೀಕರು ಮಂಟಯ್ಯನವರು ಬಂದರು. ಬಂದವರು ನೀವು ಕೂರುತ್ತಿದ್ದ ಸ್ಟೂಲಿನ ಮೇಲೆ ಕೂರಲಿಲ್ಲ, ನಿಂತೇ ಮಾತಾಡಿದರು. "ಮಕ್ಕಳು ಮಾರ್ಬುಡಪ್ಪ ಅಂತಾವ್ರೆ ಕಣಮ್ಮ. ಮಿಷನ್ನು, ಮಳಿಗೆ ಎಲ್ಲಾ ನೀನೇ ತಗೊಂಡ್ರೆ ನನ್ಗೂ ಸಂತೋಸ. ಯುಗಾದಿಗಂಟ ಕಾಯ್ತೀನಿ. ಆಮೇಲೆ ಕಾಯಾಕಾಗಲ್ಲ, ಫೋನ್ ಬೂತ್ ಮಡಗೋನು ಒಬ್ಬ ದಿನಾ ಬತ್ತಾವ್ನೆ." ನೀವು ಹನ್ನೆರಡು ವರ್ಷ ಬಾಡಿಗೆ ಕಟ್ಟಿ, ಕೈಯಾರೆ ಬೀಸುವ ಕಲ್ಲು ಕುಟ್ಟಿ ಹದ ಮಾಡಿದ ಮಿಲ್ಲಿನಲ್ಲಿ ಫೋನ್ ಬೂತು! ನಾನು ಹಿಂದೆ ಮುಂದೆ ನೋಡದೆ "ನಾನೇ ತಗೋತೀನಿ" ಅಂದುಬಿಟ್ಟೆ. ಕೈಯಲ್ಲಿ ಬಳೆ ಬಿಟ್ಟರೆ ಏನಿತ್ತು? ಆದರೂ ಅಂದೆ.

ನಮ್ಮ ರಸ್ತೆಯ ಕೊನೆಯಲ್ಲಿರುವ ಬ್ಯಾಂಕಿಗೆ ರಕ್ಷಿತಾಳನ್ನು ಕರೆದುಕೊಂಡು ಹೋದೆ. ನಿಮ್ಮ ಮಗಳು ಈಗ ಪಿಯುಸಿ, ಇಂಗ್ಲಿಷ್ ಫಾರಂ ಓದುತ್ತಾಳೆ. ಸಾಲದ ಟೇಬಲ್ಲಿನಲ್ಲಿ ಸುದರ್ಶನ ಎನ್ನುವ ಅಧಿಕಾರಿ. ಕೃಷ್ಣಮೂರ್ತಿಪುರಂನವರಂತೆ, ಚಿಕ್ಕ ವಯಸ್ಸು, ಮೃದು ಮಾತು, ಬೈಯುವುದಕ್ಕೂ ಆಗದಂಥ ಮನುಷ್ಯ. "ಹೊಸ ರೂಲ್ಸ್ ಬಂದಿದೆಯಮ್ಮ, ಗ್ರಾಹಕರು ಯಾರು ಅಂತ ನಾವು ಸರಿಯಾಗಿ ತಿಳ್ಕೋಬೇಕು" ಎಂದರು. ಅದೇನು ಕಷ್ಟ, ಬೀದಿಗೆ ಬಂದು ಯಾರನ್ನಾದರೂ ಕೇಳಿ ಎಂದೆ. ಅವರು ನಕ್ಕು, ಕಾರ್ಡುಗಳ ಜೆರಾಕ್ಸ್ ಕೇಳಿದರು.

ರೇಷನ್ ಕಾರ್ಡು ಕೊಟ್ಟೆ. ವೋಟರ್ ಕಾರ್ಡು ಕೊಟ್ಟೆ. ನಿಮ್ಮ ಮರಣ ಪ್ರಮಾಣಪತ್ರವನ್ನೂ ಕೊಟ್ಟೆ. ಅವರು ಮೂರನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಎಲ್ಲಿ ನೋಡುತ್ತಿದ್ದಾರೆಂದು ನನಗೆ ಆಗಲೇ ತಿಳಿಯಿತು. ನಿಮಗೂ ಗೊತ್ತು, ನೀವೇ ಆರೇಳು ವರ್ಷ ಅದನ್ನಿಟ್ಟುಕೊಂಡು ಗೇಲಿ ಮಾಡಿದವರು.

ನೆನಪಿದೆಯಾ, ತೊಂಬತ್ತಾರರಲ್ಲಿ ರೇಷನ್ ಕಾರ್ಡಿಗೆ ಬರೆದುಕೊಳ್ಳಲು ಮನೆ ಬಾಗಿಲಿಗೆ ಬಂದಿದ್ದರಲ್ಲ? ನೀವು ಮಿಲ್ಲಿನಲ್ಲಿದ್ದಿರಿ, ರಕ್ಷಿತಾ ಶಾಲೆಗೆ ಹೋಗಿದ್ದಳು. ಗಂಡನ ಹೆಸರೇನಮ್ಮ ಅಂದರು. ನಾನು ಹೇಳುತ್ತೇನೆಯೇ? ಮದುವೆಯಲ್ಲಿ ಹೆಸರು ಹೇಳು ಹೇಳು ಎಂದು ಹೆಂಗಸರೆಲ್ಲ ಮುತ್ತಿಕೊಂಡಾಗಲೇ ಮುಖ ಮುಚ್ಚಿಕೊಂಡು ಅತ್ತವಳು. ಹೆಸರಿರಲಿ, ಆ ಹೆಸರಿನ ಎರಡಕ್ಷರ ಸೇರಿದ ಊರಿನ ಹೆಸರನ್ನೂ ನಾನು ಬಾಯಿಗೆ ತರಲಿಲ್ಲ. ಬಸ್ಸಿನಲ್ಲಿ "ರಸಬಾಳೆ ಊರಿಗೆ ಎರಡು" ಎಂದು ಟಿಕೆಟ್ ಕೇಳಿ ಕಂಡಕ್ಟರನನ್ನು ನಗಿಸಿದ್ದೆ. ಬೆಲ್ಟಿಗೆ ಸಿಕ್ಕಿ ನಿಮ್ಮ ಬೆರಳು ಕೀವಾದಾಗ ಎಲ್ಲರೂ ಆಡುವ ಮಾತನ್ನು ಆಡಲಾರದೆ "ವಿಷ ಏರಿದೆ ಡಾಕ್ಟ್ರೇ" ಎಂದೆ, ಅವರು ಗಾಬರಿಯಾಗಿ ಯಾವ ಹಾವು ಎಂದು ಕೇಳಿದರು!

ಹಾಗಾಗಿ ಅವತ್ತೂ "ರಸಬಾಳೆ ಊರಿನ ದೇವರ ಹೆಸರು ಸ್ವಾಮಿ" ಅಂದೆ. ಆ ಪುಣ್ಯಾತ್ಮ ಪೆನ್ನು ಎತ್ತಿ, "ಓ, ಶ್ರೀಕಂಠಯ್ಯನಾ?" ಎಂದು ಬರೆದೇಬಿಟ್ಟ. ಅಲ್ಲ, ದೇವರದ್ದು ಇನ್ನೊಂದು ಹೆಸರಿದೆಯಲ್ಲ ಅದು, ಎಂದು ಹೇಳೋಣ ಅಂದುಕೊಂಡೆ. ಶಾಯಿಯಲ್ಲಿ ಬರೆದಾಗಿತ್ತು. ಎರಡೂ ಅದೇ ಶಿವನ ಹೆಸರು, ಏನಾಗುತ್ತೆ ಅಂತ ತಲೆಯಾಡಿಸಿದೆ. ಆಮೇಲೆ ಆ ಕಾರ್ಡು ನೋಡಿಕೊಂಡೇ ವೋಟರ್ ಕಾರ್ಡಿನಲ್ಲೂ ಅದನ್ನೇ ಇಳಿಸಿದರು.

ನೀವು ಬೈಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಸೀಮೆಎಣ್ಣೆ ಕ್ಯೂಗೆ ಹೋಗಿ ಎಂದಾಗಲೆಲ್ಲ "ನಾನ್ಯಾಕೆ ಹೋಗ್ಲಿ, ನಿನ್ನ ಎರಡನೇ ಗಂಡನ್ನ ಕಳ್ಸು, ಕಾರ್ಡಲ್ಲಿರೋದು ಅವ್ನೇ ತಾನೇ" ಅನ್ನುತ್ತಿದ್ದಿರಿ. ತಿದ್ದಿಸಿ ಎಂದರೆ, ಅಕ್ಕಿ ಕೊಡೋರಿಗೆ ಯಾವ ಹೆಸರಾದರೇನು ಬುಡು ಎಂದಿರಿ. ಅದಕ್ಕೇ ಹೇಳಿದ್ದು, ಸ್ವಲ್ಪ ಜಗಳ ನಿಮ್ಮ ಮೇಲೂ ಇದೆ ಅಂತ.

ಸುದರ್ಶನ ಅವರು ತಲೆಯೆತ್ತಿ ಏನೆಂದರು ಗೊತ್ತಾ? "ಈ ಎರಡು ಕಾರ್ಡ್ ಪ್ರಕಾರ ನಿಮ್ಮ ಯಜಮಾನರು ಶ್ರೀಕಂಠಯ್ಯ. ತೀರಿಕೊಂಡಿರೋದು ಬೇರೆ ಯಾರೋ. ಅಂದ್ರೆ ನಿಮ್ಮ ಯಜಮಾನರು ಇದ್ದಾರೆ. ಅವರದ್ದೂ ಸಹಿ ಬೇಕಾಗುತ್ತೆ, ಒಂದ್ಸಲ ಕರ್ಕೊಂಡು ಬನ್ನಿ."

ರೀ, ಒಂದು ಗಳಿಗೆ ನನಗೆ ಸಂತೋಷವಾಯಿತು. ಹುಚ್ಚಿ ಅನ್ನಿ. ಸರ್ಕಾರದ ಎರಡೆರಡು ಕಾರ್ಡಿನಲ್ಲಿ ನೀವು ಬದುಕಿದ್ದೀರಿ, ಬ್ಯಾಂಕಿನವರೂ ಒಪ್ಪುತ್ತಿದ್ದಾರೆ! ಆಮೇಲೆ ಸಿಟ್ಟು ನೆತ್ತಿಗೇರಿತು. "ಇದ್ದಾರೆ ಅಂತ ನಿಮ್ಗೆ ಗೊತ್ತಿದ್ರೆ ನೀವೇ ಕರ್ಕೊಂಡು ಬನ್ನಿ ಸ್ವಾಮಿ, ನಾನು ಬೇಡ ಅಂತೀನಾ?" ಅಂದೆ. ರಕ್ಷಿತಾ ನನ್ನ ಸೆರಗು ಜಗ್ಗಿದಳು.

ಅವರು ಸಮಾಧಾನದಿಂದಲೇ, "ಹಾಗಾದ್ರೆ ನಿಮ್ಮ ಯಜಮಾನರ ನಿಜವಾದ ಹೆಸರು ಹೇಳಿ, ಬರ್ಕೋತೀನಿ" ಎಂದರು. ರಕ್ಷಿತಾ ಬಾಯಿ ತೆರೆದಳು. "ಮಗಳಲ್ಲ, ಅರ್ಜಿದಾರರೇ ಹೇಳ್ಬೇಕು" ಎಂದರು. ನಾನು ಮರಣಪತ್ರದ ಮೇಲೆ ಬೆರಳಿಟ್ಟು ತೋರಿಸಿದೆ. "ಬಾಯಲ್ಲಿ ಹೇಳಿಮ್ಮಾ." ನಾಲಿಗೆ ಏಳಲಿಲ್ಲ. ನೀವು ಹೋದ ಮೇಲೂ ಏಳಲಿಲ್ಲ ನೋಡಿ. ಅವರು ಒಂದು ನಿಮಿಷ ಕಾದು, ಅರ್ಜಿಯ ಮೂಲೆಯಲ್ಲಿ ಏನೋ ಬರೆದರು. ಹೊರಗೆ ಬಂದ ಮೇಲೆ ರಕ್ಷಿತಾ ಹೇಳಿದಳು: 'ಅರ್ಜಿದಾರರು ಗಂಡನ ಹೆಸರು ಹೇಳಲು ವಿಫಲರಾದರು' ಅಂತ ಇಂಗ್ಲಿಷಿನಲ್ಲಿ ಬರೆದಿದ್ದಾರಂತೆ.

ವಿಫಲಳಾ? ಮರ್ಯಾದೆ ಅಂತ ಯಾವುದನ್ನು ಹೊತ್ತುಕೊಂಡು ಬಂದೆನೋ ಅದು ಬ್ಯಾಂಕಿನ ಕಾಗದದಲ್ಲಿ ಮೋಸವಾಗಿಬಿಟ್ಟಿತು. ಆ ದಿನ ಮಿಲ್ಲಿಗೆ ಬಂದು ಸಾಲಾಗಿಟ್ಟ ಡಬ್ಬಗಳನ್ನು ನೋಡುತ್ತ ಕೂತೆ. ಒಂದರ ಮೇಲೂ ಹೆಸರಿಲ್ಲ, ಒಂದಕ್ಕೂ ಚೀಟಿ ಇಲ್ಲ. ಮುಚ್ಚಳ ಸೊಟ್ಟಗಿರುವುದು ಮಾದೇವಮ್ಮನದು, ತುಕ್ಕು ಹಿಡಿದ ಬಿಸ್ಕತ್ ಡಬ್ಬ ಮೂಲೆಮನೆಯವರದು, ಹಸಿರು ಬಣ್ಣದ್ದು ಸರ್ಕಾರಿ ಶಾಲೆಯ ಮಂಜುಳಮ್ಮ ಟೀಚರದು. ಇವರ ರಾಗಿ ಅವರಿಗೆ ಹೋದದ್ದುಂಟಾ? ಒಂದು ಹಿಡಿ ಹೆಚ್ಚು ಕಡಿಮೆಯಾದದ್ದುಂಟಾ? ಇಡೀ ಕೆಸರೆ ತನ್ನ ನಾಳೆಯ ಮುದ್ದೆಯನ್ನು ನಮ್ಮ ಕೈಗೆ ಕೊಟ್ಟು ಹಿಂತಿರುಗಿ ನೋಡದೆ ಹೋಗುತ್ತದೆ. ನಾನು ಯಾರೆಂದು ಗೊತ್ತಿಲ್ಲದ್ದು ಆ ಬ್ಯಾಂಕಿಗೆ ಮಾತ್ರ.

ಬಿಡಲಿಲ್ಲ ನಾನು. ಕೋರ್ಟಿನ ಹತ್ತಿರ ಹೋಗಿ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿದೆ. ಟೈಪು ಮಾಡುವವನು ನನ್ನ ಹೆಸರಿನ ಮುಂದೆ, ಸರ್ಕಾರಿ ಕಾಗದದಲ್ಲಿ ಇಂಥವರ ಹೆಂಡತಿ ಅನ್ನುವುದಕ್ಕೆ ಹಾಕುತ್ತಾರಲ್ಲ, ಆ 'ಕೋಂ' ಹಾಕಿದ. ಅದಾದ ಮೇಲೆ ನಿಮ್ಮ ಹೆಸರು, ಅದಾದ ಮೇಲೆ 'ಉರುಫ್', ಅದಾದ ಮೇಲೆ ಶ್ರೀಕಂಠಯ್ಯ. ಉರುಫ್ ಯಾಕಪ್ಪ, ಪೇಪರಿನಲ್ಲಿ ಜೇಬುಗಳ್ಳರ ಹೆಸರಿಗೆ ಹಾಕ್ತಾರಲ್ಲ ಅದು, ತೆಗಿ ಎಂದೆ. "ಎರಡು ಹೆಸರಿದ್ರೆ ಹಾಕಲೇಬೇಕಮ್ಮ, ಕಾನೂನು" ಎಂದ. ಕಪಿಲೆಯ ದಡದಲ್ಲಿ ಕೂತಿರುವ ಆ ಶಿವನಿಗೆ ಎರಡು ಹೆಸರಿದೆ, ಅವನಿಗೆ ಯಾರಾದರೂ ಉರುಫ್ ಹಾಕುತ್ತಾರಾ? ಅವನನ್ನು ಅಫಿಡವಿಟ್ ಕೇಳುತ್ತಾರಾ? ಬಾಯಿ ಕಚ್ಚಿಕೊಂಡು ಸಹಿ ಹಾಕಿ ಬಂದೆ.

ಅಷ್ಟಕ್ಕೇ ಮುಗಿಯಲಿಲ್ಲ. ಹಿಂದೆ ಸಾಲ ಮಾಡಿ ತೀರಿಸಿದ ದಾಖಲೆ ಇದೆಯಾ ಎಂದರು. ನಮ್ಮ ಮನೆಯಲ್ಲಿ ಸಾಲವೇ ಮಾಡಿಲ್ಲ ಎಂದು ತಲೆಯೆತ್ತಿ ಹೇಳಿದೆ. "ಅದೇ ತೊಂದರೆ. ನಿಮ್ಮನ್ನ ಅಳೆಯೋಕೆ ನಮ್ಮ ಹತ್ರ ಏನೂ ಇಲ್ಲ" ಎಂದರು. ಕೇಳಿದಿರಾ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಜೀವಮಾನವಿಡೀ ನನ್ನ ತಲೆ ತಿಂದಿರಲ್ಲ, ಅದಕ್ಕೆ ಸಿಕ್ಕ ಬಹುಮಾನ ಇದು. ಸಂಬಳ ಬರುವ ಸರ್ಕಾರಿ ನೌಕರರ ಜಾಮೀನು ತನ್ನಿ ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ.

ನಾನು ಯಾರನ್ನೂ ಕೇಳಲಿಲ್ಲ. ಕೇಳಲು ಹೊರಟಿದ್ದೆ ನಿಜ, ಬಾಗಿಲ ತನಕ ಹೋಗಿ ವಾಪಸು ಬಂದೆ. ರಾಗಿ ತಗೊಂಡು ಹೋಗಲು ಬಂದ ಮಂಜುಳಮ್ಮ ಟೀಚರ್, ನನ್ನ ಮುಖ ನೋಡಿ, ರಕ್ಷಿತಾಳ ಬಾಯಿ ಬಿಡಿಸಿ, ಎಲ್ಲ ತಿಳಿದುಕೊಂಡರು. "ಹನ್ನೆರಡು ವರ್ಷ ನಿಮ್ಮ ಕೈ ಹಿಟ್ಟು ತಿಂದಿದೀನಿ. ಜಾಮೀನು ಹಾಕೋಕೆ ಇನ್ನೇನು ಬೇಕು ಕಣ್ರೀ? ನನ್ನ ಸಂಬಳದ ಸರ್ಟಿಫಿಕೇಟು ಎಲ್ಲಿಗೆ ತರ್ಲಿ ಹೇಳಿ" ಎಂದರು. ಆಗ ಮಾತ್ರ ಅತ್ತೆ. ಅದೂ ಮಿಲ್ಲಿನ ಸದ್ದಿನಲ್ಲಿ.

ಯುಗಾದಿಗೆ ನಾಲ್ಕು ದಿನ ಇರುವಾಗ ಎಲ್ಲ ಕಾಗದ ಜೋಡಿಸಿಕೊಂಡು ಬ್ಯಾಂಕಿಗೆ ಹೋದೆವು. ಸುದರ್ಶನ ಅವರು ಒಂದೊಂದಾಗಿ ನೋಡಿ ಟಿಕ್ ಹಾಕಿದರು. ಕೊನೆಗೆ ಹಳೆಯ ಅರ್ಜಿಯ ಮೂಲೆಯ ಬರಹಕ್ಕೆ ಬಂದು ನಿಂತರು. "ಇದೊಂದು ಉಳ್ಕೊಂಡಿದೆಯಮ್ಮ. ಹೋದ್ಸಲ ಹೇಳ್ಲಿಲ್ಲ ಅಂತ ನಾನೇ ಬರೆದಿದೀನಿ. ಈಗ ಹೇಳಿದ್ರು ಅಂತ ಬರೀಬೇಕು. ಸುಳ್ಳು ಬರಿಯೋಕಾಗಲ್ಲ."

ಗೋಡೆಯ ಗಡಿಯಾರ ನೋಡಿದೆ. ಮಂಟಯ್ಯನವರ ಗಡುವು ನೆನೆಸಿಕೊಂಡೆ. ಹೇಳಿಬಿಟ್ಟೆ. ಮೂರಕ್ಷರ. ಮೆಲ್ಲಗೆ ಹೇಳೋಣ ಎಂದುಕೊಂಡಿದ್ದೆ, ಮಿಲ್ಲಿನಲ್ಲಿ ಕೂಗಿ ಕೂಗಿ ಮಾತಾಡಿದ ಗಂಟಲು, ಇಡೀ ಬ್ಯಾಂಕಿಗೆ ಕೇಳಿಸಿತು. ದುಡ್ಡು ಎಣಿಸುತ್ತಿದ್ದವರು ಎಣಿಕೆ ತಪ್ಪಿ ನನ್ನ ಕಡೆ ನೋಡಿದರು. "ಸಾಕಾ? ಇನ್ನೊಂದ್ಸಲ ಹೇಳ್ಲಾ?" ಎಂದೆ. ಆ ಹುಡುಗ ತಲೆ ತಗ್ಗಿಸಿಕೊಂಡು ಬರೆದ. ಎದ್ದು ನಿಂತು ಸಾಲ ಮಂಜೂರಾದ ಕಾಗದ ಕೈಗೆ ಕೊಟ್ಟ.

ಕೇಳಿದ್ದು ಅರವತ್ತು ಸಾವಿರ, ಕೊಟ್ಟದ್ದು ನಲವತ್ತು. ಮಿಕ್ಕಿದ್ದಕ್ಕೆ ನನ್ನ ಬಳೆ ಹೋದವು. ಹೋಗಲಿ, ಹಿಟ್ಟಿನ ಕೈಗೆ ಬಳೆ ಯಾಕೆ? ಹಬ್ಬದ ಹಿಂದಿನ ದಿನ ಮಂಟಯ್ಯನವರ ಕೈಗೆ ದುಡ್ಡಿಟ್ಟೆ. ಮಿಲ್ಲು ನಮ್ಮದಾಯಿತು. ನಮ್ಮದು ಅಂದರೆ ನನ್ನದು. ಕಾಗದದಲ್ಲಿ ನನ್ನ ಹೆಸರಿದೆ.

ಇಷ್ಟಕ್ಕೆ ಕಾಗದ ಮುಗಿಸಬಹುದಿತ್ತು. ಆದರೆ ಗೆದ್ದು ಬಂದವಳು ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಯಾಕೆಂದರೆ ಆಸ್ಪತ್ರೆಯಲ್ಲಿ ಎರಡನೆಯ ದಿನ ಸಂಜೆ, ಮೂಗಿಗೆ ಪೈಪು ಹಾಕಿದ್ದರೂ ನಗುತ್ತಾ ನೀವು ಕೇಳಿದಿರಿ. "ಒಂದ್ಸಲ ಹೆಸರಿಡ್ದು ಕರಿಯೇ. ನಿನ್ ಬಾಯಲ್ಲಿ ಎಂಗ್ ಕೇಳ್ಸುತ್ತೋ ನೋಡಾನ." ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವ್ವ ಹೇಳಿಕೊಟ್ಟಿದ್ದಳು. "ಸುಮ್ನಿರಿ, ಮನೆಗೋದ್ಮೇಲೆ ನೋಡಾನ" ಎಂದು ಬಾಯಿ ಮುಚ್ಚಿಸಿದೆ. ಮಾರನೆಯ ದಿನ ನೀವಿರಲಿಲ್ಲ. ಇಪ್ಪತ್ತೆರಡು ವರ್ಷ ಬಾಯಿ ಕಟ್ಟಿದ್ದಕ್ಕೆ ಯಾವ ಆಯಸ್ಸು ಉಳಿಯಿತು? ನಲವತ್ತಾರು ಒಂದು ವಯಸ್ಸಾ? ನೀವು ಬೇಡಿ ಕೇಳಿದಾಗ ಕೊಡದ ಹೆಸರನ್ನು ನಲವತ್ತು ಸಾವಿರಕ್ಕೆ ಬ್ಯಾಂಕಿನವನಿಗೆ ಕೊಟ್ಟು ಬಂದೆ. ಇದೇ ನನ್ನ ಮೇಲೆ ನನಗಿರುವ ಜಗಳ.

ಇನ್ನು ಸಾಕು. ಮರ್ಯಾದೆಯೂ ಬೇಡ, ಹೆದರಿಕೆಯೂ ಬೇಡ. ನಿನ್ನೆ ಪೇಂಟರನ್ನು ಕರೆಸಿ ಮಿಲ್ಲಿನ ಮೇಲೆ ಬೋರ್ಡು ಬರೆಸಿದೆ. ಏನು ಬರೀಲಮ್ಮ ಎಂದ. ಚೀಟಿ ಕೊಡಲಿಲ್ಲ, ಬೆರಳಿಟ್ಟು ತೋರಿಸಲಿಲ್ಲ, ಬೀದಿಯಲ್ಲಿ ನಿಂತು ಬಾಯಲ್ಲೇ ಹೇಳಿದೆ. ಮಾದೇವಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ಬಡಿದುಕೊಳ್ಳಲಿ.

ಈಗ ಮಿಲ್ಲು ನಿಲ್ಲಿಸಿದ್ದೇನೆ, ಸದ್ದಿಲ್ಲ, ನಿಮಗೆ ಕೇಳಿಸುತ್ತದೆ. ಬರೆಯುತ್ತಾ ಬಾಯಿಬಿಟ್ಟು ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಿ.

ನಂಜಯ್ಯ.

ಹೆಂಗೆ ಕೇಳಿಸಿತು ರೀ? ನಂಜಯ್ಯ. ನಂಜಯ್ಯ. ಎಲ್ಲಿದ್ದೀರೋ ಅಲ್ಲಿ ತಣ್ಣಗಿರಿ. ಅಲ್ಲಿ ಯಾರಾದರೂ ನೀವು ಯಾರೆಂದು ಕೇಳಿದರೆ ಯಾವ ಕಾರ್ಡನ್ನೂ ತೋರಿಸಬೇಡಿ, ನನ್ನನ್ನು ಕೇಳಲು ಹೇಳಿ.

ಇಂತಿ,
ಪ್ರೇಮಲೀಲಾ ಕೋಂ ನಂಜಯ್ಯ
ಉರುಫ್ ಇಲ್ಲ.