ಕಂಚಿನ ಬಲಗೈ

ಮೇ 8, ಮಂಗಳವಾರ

ನಿನ್ನೆಯ ಬೇಸ್‌ಬಾಲ್ ಆಟದ ಸೋಲಿನ ವರದಿ ಬರೆದು ನನ್ನ ವೆಬ್‌ಸೈಟಿಗೆ ಹಾಕಿದೆ. ಏಳನೇ ಇನ್ನಿಂಗ್ಸ್‌ವರೆಗೆ ನಮ್ಮವರೇ ಮುಂದಿದ್ದರು. ಆಮೇಲೆ ಒಬ್ಬೊಬ್ಬರಾಗಿ ಚೆಂಡು ಕೈಬಿಟ್ಟರು, ಬಚ್ಚಲಲ್ಲಿ ಸೋಪು ಜಾರಿದ ಹಾಗೆ. ನಮ್ಮ ಬೆಲ್‌ಫೋರ್ಡ್ ಕೊಕ್ಕರೆಗಳು ಅಂದರೆ ಹೀಗೇ. ಅಂಗಿಯ ಮೇಲೆ ಕೊಕ್ಕರೆ, ಕೆಲಸವೂ ಕೊಕ್ಕರೆಯದೇ — ಒಂಟಿ ಕಾಲಲ್ಲಿ ಸುಮ್ಮನೆ ನಿಲ್ಲುವುದು.

ಅದೂ ಹಾಳಾಗಲಿ. ಮೈದಾನದ ಹೆಸರು ಬದಲಾಯಿತು. ತಂಡದ ಹೊಸ ಮಾಲೀಕ ಹೆಸರಿನ ಹಕ್ಕನ್ನು ಹಾಸಿಗೆ ಕಂಪನಿಗೆ ಮಾರಿದ್ದಾನೆ. ಇನ್ನು ಮೇಲೆ 'ಸ್ವೀಟ್‌ಸ್ಲಂಬರ್ ಪಾರ್ಕ್'. ನಮ್ಮಪ್ಪ ಕಾರ್ಖಾನೆಯ ಪಾಳಿ ಮುಗಿಸಿ, ಊಟದ ಡಬ್ಬಿ ಸಮೇತ ಬಂದು ಕೂರುತ್ತಿದ್ದ ಜಾಗ. ಹೆಸರು ಟೈಪು ಮಾಡುವಾಗ ಬೆರಳಿಗೆ ಜಿಡ್ಡು ಹತ್ತಿದ ಹಾಗಾಯಿತು.

ಮೇ 10, ಗುರುವಾರ

ಕ್ಲಬ್ಬಿನ ಆಫೀಸಿಗೆ ಕರೆಸಿದ್ದರು. ಪ್ರಚಾರ ನೋಡಿಕೊಳ್ಳುವ ಬ್ರಾಕ್ ಡ್ಯಾನ್‌ಫೋರ್ತ್. ಹಲ್ಲು ಬೆಳ್ಳಗೆ. ಮೂವತ್ತು ವರ್ಷ ಹಲ್ಲಿನ ಡಾಕ್ಟರ ಹತ್ತಿರ ಜನರ ಹಲ್ಲು ತಿಕ್ಕಿದವಳು ನಾನು, ಅಷ್ಟು ಬಿಳುಪು ದೇವರು ಕೊಟ್ಟದ್ದಲ್ಲ ಎಂದು ನೋಡಿದರೆ ತಿಳಿಯುತ್ತದೆ.

1978ರ ಚಾಂಪಿಯನ್ ಪಟ್ಟಕ್ಕೆ ನಲವತ್ತು ವರ್ಷ ತುಂಬಿತಲ್ಲ. ನಾವು ಗೆದ್ದದ್ದು ಅದೊಂದೇ. ಆಗಿನ ಮ್ಯಾನೇಜರ್ ಡಚ್ ಹಾಲಮ್‌ಗೆ ಗೇಟಿನ ಮುಂದೆ ಕಂಚಿನ ಪ್ರತಿಮೆ. ಸತ್ತು ಹತ್ತು ವರ್ಷವಾದ ಮೇಲೆ ಪ್ರೀತಿ ಉಕ್ಕಿದೆ. ಸ್ಮರಣ ಪುಸ್ತಿಕೆ ನಾನೇ ಬರೆಯಬೇಕಂತೆ.

ಪ್ರತಿಮೆಯ ಚಿತ್ರ ತೋರಿಸಿದ. ಡಚ್ ನಿಂತಿದ್ದಾನೆ, ಪಕ್ಕದಲ್ಲಿ ಚೆಂಡು ಹಿಡಿದ ಒಬ್ಬ ಪಿಚರ್, ಅಂದರೆ ಚೆಂಡು ಎಸೆಯುವವನು, ಅವನ ಹೆಗಲ ಮೇಲೆ ಡಚ್‌ನ ಕೈ. ಅಪ್ಪ ಮಗನ ಹಾಗೆ.

"ಇದು ಯಾರು?" ಎಂದೆ.

"ನಮ್ಮ ಪಿಚರ್, ಮೇಡಂ."

"ಆ ಫೈನಲ್‌ನಲ್ಲಿ ಎಸೆದವನು ವೆಂಡೆಲ್ ಟಿಬ್ಸ್. ಎಡಗೈಯವನು. ಕಪ್ಪು ಮನುಷ್ಯ. ಇವನು ಬಲಗೈಯಲ್ಲಿ ಚೆಂಡು ಹಿಡಿದಿದ್ದಾನೆ, ಮೂಗು ನೋಡಿದರೆ ನಿಮ್ಮ ತಮ್ಮನ ಹಾಗಿದ್ದಾನೆ."

ನಕ್ಕ. "ಅದು ಯಾರೂ ಅಲ್ಲ ಮೇಡಂ. ಅದು ಎಲ್ಲರೂ."

ಮನೆಗೆ ಬಂದು ಗಸ್‌ಗೆ ಹೇಳಿದೆ. ಗಂಡ ಸೋಫಾದಿಂದ ಏಳದೆ, "ಎಲ್ಲರೂ ಅಂದ್ನಾ? ಹಾಗಾದ್ರೆ ನಾನೂ ಇದೀನಿ ಅದ್ರಲ್ಲಿ. ಹೊಟ್ಟೆ ಸ್ವಲ್ಪ ಮುಂದಕ್ಕೆ ಮಾಡಕ್ಕೆ ಹೇಳು" ಎಂದ.

ನಗು ಬರಲಿಲ್ಲ.

ಮೇ 22

ಪುಸ್ತಿಕೆಯ ಕರಡು ವಾಪಸ್ ಬಂತು. ಒಂದೇ ಒಂದು ಪ್ಯಾರಾ ಹೊಡೆದುಹಾಕಿದ್ದಾರೆ. ಯಾವುದು ಅಂತ ಗೊತ್ತೇ ಇತ್ತು.

ಆ ಫೈನಲ್ ನಾನು ಕಣ್ಣಾರೆ ಕಂಡದ್ದು. ಹತ್ತೊಂಬತ್ತು ವರ್ಷ ನನಗೆ, ಅಪ್ಪನ ಪಕ್ಕ ಕೂತಿದ್ದೆ. ವೆಂಡೆಲ್ ಅದೇ ವಾರ ಆಗಲೇ ಎರಡು ಆಟದಲ್ಲಿ ಎಸೆದಿದ್ದ, ತೋಳಿಗೆ ವಿಶ್ರಾಂತಿಯೇ ಇರಲಿಲ್ಲ. ಮೊಣಕೈ ಊದಿತ್ತು. ಆದರೂ ಡಚ್ ಅವನನ್ನೇ ಇಳಿಸಿದ, ಒಂಬತ್ತು ಇನ್ನಿಂಗ್ಸೂ, ಅಂದರೆ ಇಡೀ ಆಟ, ಎಸೆಯಿಸಿದ. ಗೆದ್ದೆವು. ಊರು ಕುಣಿಯಿತು. ಆಟ ಮುಗಿದ ಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ ಅವನ ಹೆಂಡತಿ ಬಾಗಿಲು ತೆಗೆದು, ಅವನ ತೋಳನ್ನು ಎತ್ತಿ ಒಳಗಿಟ್ಟಳು, ಮಲಗಿದ ಮಗುವನ್ನು ಇಟ್ಟ ಹಾಗೆ. ಆಮೇಲೆ ಅವನು ಮತ್ತೆಂದೂ ಎಸೆಯಲಿಲ್ಲ. ಇಪ್ಪತ್ತೆರಡು ವಯಸ್ಸು. ಮೇಲಿನ ಲೀಗಿನವರು ಕರೆದಾಗಿತ್ತು. ಈಗ ಪಕ್ಕದೂರಲ್ಲಿ ಶಾಲೆಯ ಬಸ್ಸು ಓಡಿಸುತ್ತಾನೆ.

ತಂಡದ ಮೈಕೈ ತಿಕ್ಕುತ್ತಿದ್ದ ಹ್ಯಾಂಕ್ ಸಾಯುವ ಮುನ್ನ ಆಸ್ಪತ್ರೆಯಲ್ಲಿ ನನಗೆ ಹೇಳಿದ್ದ: "ನೋವು ಗೊತ್ತಾಗ್ದೇ ಇರೋ ಹಾಗೆ ಚುಚ್ಚು ಅಂದ ಡಚ್. ಚುಚ್ಚಿದೆ."

ಇದನ್ನು ನಾಲ್ಕೇ ಸಾಲಿನಲ್ಲಿ ಬರೆದಿದ್ದೆ. ಬ್ರಾಕ್‌ಗೆ ಫೋನ್ ಮಾಡಿದೆ. "ಹಬ್ಬದ ದಿನ ಯಾಕೆ ಮೇಡಂ ಇದೆಲ್ಲ? ಜನ ಮಕ್ಕಳನ್ನ ಕರ್ಕೊಂಡು ಬರ್ತಾರೆ" ಎಂದ. ವೆಂಡೆಲ್‌ನೂ ಕರೆದಿದ್ದಾರಂತೆ, ಆಟಕ್ಕೆ ಮುನ್ನ ಗೌರವಕ್ಕೆಂದು ಎಸೆಯುವ ಮೊದಲ ಚೆಂಡು ಅವನ ಕೈಲೇ ಎಸೆಯಿಸುತ್ತಾರಂತೆ. "ಅವರೇ ಖುಷಿಯಾಗಿದಾರೆ, ನಿಮಗೇನು?"

ಫೋನ್ ಇಟ್ಟ ಮೇಲೆ ಕೈ ತೊಳೆದುಕೊಂಡೆ. ನಿಜವಾಗಿಯೂ, ನಲ್ಲಿ ಬಿಟ್ಟು.

ಮೇ 23

ಪುಸ್ತಿಕೆ ಬರೆಯುವುದಿಲ್ಲ ಎಂದು ಹೇಳಿದೆ. ಹೊಡೆದುಹಾಕಿದ ಪ್ಯಾರಾವನ್ನು ಬೆಳೆಸಿ ನನ್ನ ವೆಬ್‌ಸೈಟಿನಲ್ಲಿ ಹಾಕಿದೆ. ಸೂಜಿ, ಹ್ಯಾಂಕ್, ಕಾರಿನ ಬಾಗಿಲು, ಕಂಚಿನ ಬಲಗೈ, ಎಲ್ಲ.

ಗಸ್ ಓದಿದ. "ಚೆನ್ನಾಗಿದೆ. ಇನ್ಮೇಲೆ ನಮಗೆ ಪಾರ್ಕಿಂಗ್ ಸಿಗಲ್ಲ" ಎಂದ.

ಜೂನ್ 4

ಹನ್ನೆರಡು ದಿನ ಏನೂ ಬರೆಯಲಾಗಲಿಲ್ಲ. ಲೇಖನದ ಕೆಳಗೆ ಬಂದ ಕಾಮೆಂಟುಗಳನ್ನು ಓದುತ್ತಲೇ ಕೂತಿದ್ದೆ. 'ಡಚ್ ಹುಡುಗರನ್ನ ಗಂಡಸರನ್ನಾಗಿ ಮಾಡ್ದ.' 'ಮುದುಕಿಗೆ ಕೆಲಸ ಇಲ್ಲ.' 'ನೋವಾದ್ರೆ ಹೇಳಬೇಕಿತ್ತು, ಬಾಯಿ ಇರಲಿಲ್ವಾ ಅವನಿಗೆ?' ಕೊನೆಯದನ್ನು ಬರೆದವನು ಆಗ ಹುಟ್ಟೇ ಇರಲಿಲ್ಲ.

ಮೈದಾನದಲ್ಲಿ ಆರ್ಡಿತ್ ಜಾಗ ಬದಲಾಯಿಸಿದ್ದಾಳೆ. ಎಷ್ಟೋ ವರ್ಷದಿಂದ ನನ್ನ ಪಕ್ಕದ ಸೀಟು ಅವಳದು. ಅವಳ ಸ್ವೆಟರ್ ನಾನು ಹಿಡಿದುಕೊಂಡು, ನನ್ನ ಕಡಲೆಕಾಯಿ ಅವಳು ತಿಂದು ಬೆಳೆದ ಸ್ನೇಹ. ಎದ್ದು ಹೋಗಿ ಮಾತಾಡಿಸಿದೆ.

"ಸತ್ತೋರ ಮೇಲೆ ಕೆಸರು ಎರಚೋದು ನಂಗೆ ಆಗಲ್ಲ, ನದೀನ್."

"ಬದುಕಿರೋನ ಕೈ ಹೋಯ್ತಲ್ಲೇ."

"ಗೆದ್ದಿದ್ದು ನಿಜ ತಾನೇ? ನಮಗಿರೋದು ಅದೊಂದೇ ವರ್ಷ. ಅದನ್ನೂ ಕಿತ್ಕೊಂಡ್ರೆ ಏನು ಮಾಡೋದು ನಾವು?"

ತಿರುಗಿ ಬಂದು ಕೂತೆ. ಬಿಸಿ ಚೀಸ್ ಸುರಿದ ಕುರುಕಲಿನ ವಾಸನೆ. ಮುಂದಿನ ಸಾಲಿನಲ್ಲಿ ಒಬ್ಬ ಬೆರಳು ನೆಕ್ಕಿ ನೆಕ್ಕಿ ತಿನ್ನುತ್ತಿದ್ದ. ಐದನೇ ಇನ್ನಿಂಗ್ಸಿಗೇ ಎದ್ದು ಬಂದುಬಿಟ್ಟೆ.

ಜೂನ್ 9, ಶನಿವಾರ, ಮಧ್ಯಾಹ್ನ

ವೆಂಡೆಲ್ ಟಿಬ್ಸ್ ಫೋನ್ ಮಾಡಿದ್ದರು. ನಾನು ಅವರ ಜೊತೆ ಮಾತಾಡಿದ್ದು ಇದೇ ಮೊದಲು. ಹೊಗಳುತ್ತಾರೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು.

"ನದೀನ್ ಫೋಗಲ್ ಅವರಾ? ನನ್ನ ಕೈ ಬಗ್ಗೆ ಬರೆದಿದೀರಿ."

"ಹೌದು ಸರ್."

"ಕೈ ನಂದು."

ಕುರ್ಚಿ ಎಳೆದುಕೊಂಡು ಕೂತೆ.

"ಸೂಜಿ ಹಾಕಿದ್ದು ನಿಜ, ಊದಿದ್ದೂ ನಿಜ. ಆದ್ರೆ ಬಸ್ಸಲ್ಲಿ ಕೂರೋ ಮಕ್ಕಳು ಈಗ ಬಂದು ನನ್ನ ಮೊಣಕೈ ಮುಟ್ಟಿ ನೋಡ್ತಾರೆ. ಕ್ಲಬ್ಬಿನೋರು ಫೋನ್ ಮಾಡಿ, ಕಾರ್ಯಕ್ರಮ ಸ್ವಲ್ಪ ಬದಲಾಯ್ತು, ನೀವು ಬರೋದು ಬೇಡ ಅಂದ್ರು. ಮೊದಲ ಚೆಂಡು ಹಾಸಿಗೆ ಕಂಪನಿ ಯಜಮಾನ ಎಸೀತಾನಂತೆ. ಮೊಮ್ಮಕ್ಕಳಿಗೆಲ್ಲ ಹೇಳಿಬಿಟ್ಟಿದ್ದೆ ನಾನು. ಹಿತ್ತಲಲ್ಲಿ ದಿನಾ ಸಂಜೆ ಎಸೆದು ಅಭ್ಯಾಸ ಮಾಡ್ತಿದ್ದೆ."

"ನಾನು ಅದನ್ನ ತೆಗೆದುಹಾಕ್ತೀನಿ."

"ಯಾಕೆ? ಸುಳ್ಳಾ ಅದು?"

"ಅಲ್ಲ."

"ಮತ್ತೆ ಇರಲಿ. ಆದ್ರೆ ಅಲ್ಲಮ್ಮ, ಇಪ್ಪತ್ತು ನಿಮಿಷದ ದಾರಿ ನಮ್ಮನೆ. ಬಂದು ಕೇಳಬಹುದಿತ್ತಲ್ಲ ಒಂದು ಮಾತು?"

ಫೋನ್ ಇಟ್ಟರು. ಇಡೀ ತಿಂಗಳು ಬ್ರಾಕ್‌ನ ಮೇಲೆ ಅಸಹ್ಯಪಟ್ಟೆ, ಡಚ್‌ನ ಮೇಲೆ, ಕಾಮೆಂಟಿನವರ ಮೇಲೆ. ಇವತ್ತು ಆ ಅಸಹ್ಯವನ್ನೆಲ್ಲ ಇಡಲು ನನ್ನಿಂದ ಹೊರಗೆ ಜಾಗ ಇಲ್ಲ.

ಜೂನ್ 11

ಬ್ರಾಕ್‌ನ ಹತ್ತಿರ ಹೋದೆ. ಬೇಡಿಕೊಂಡೆ ಅಂತಲೇ ಬರೆಯುತ್ತೇನೆ. ಬರೆದದ್ದು ನಾನು, ಅವರಿಗೆ ಯಾಕೆ ಶಿಕ್ಷೆ ಎಂದೆ.

"ಶಿಕ್ಷೆ ಅಲ್ಲ ಮೇಡಂ. ಈಗ ಅವರು ಬಂದ್ರೆ ಜನ ಕೈ ನೋಡ್ತಾರೆ, ಪ್ರತಿಮೆ ನೋಡಲ್ಲ." ಮೇಜಿನ ಮೇಲಿದ್ದ ಬಟ್ಟಲನ್ನು ನನ್ನ ಕಡೆ ತಳ್ಳಿದ. ಕೊಕ್ಕರೆ ಆಕಾರದ ಮಿಠಾಯಿ.

ತಗೊಳ್ಳಲಿಲ್ಲ.

ಅಲ್ಲಿಂದ ನೇರ ವೆಂಡೆಲ್ ಮನೆಗೆ. ಬಾಗಿಲು ತೆಗೆದವಳು ಮಗಳು ಕೊರಿನ್. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓ, ಬರೆಯೋರು ನೀವೇನಾ" ಎಂದಳು. ಒಳಗೆ ಕರೆಯುವ ಮುನ್ನ ಸ್ವಲ್ಪ ಯೋಚಿಸಿದಳು.

ಕ್ಷಮೆ ಕೇಳಿದೆ. ವೆಂಡೆಲ್ ತಲೆ ಆಡಿಸಿದರು. ಉದ್ದನೆಯ ಮನುಷ್ಯ, ಎಡ ತೋಳು ಪೂರ್ತಿ ನೆಟ್ಟಗಾಗುವುದಿಲ್ಲ. "ಕರೀದೇ ಇದ್ರೇನು, ಟಿಕೆಟ್ ತಗೊಂಡು ಹೋಗ್ತೀನಿ. ಮೈದಾನ ಯಾರಪ್ಪಂದೂ ಅಲ್ಲ" ಎಂದರು.

"ಹಾಸಿಗೆಯವನದು" ಎಂದೆ.

ಮೊದಲ ಸಲ ನಕ್ಕರು.

ಜೂನ್ 30, ಶನಿವಾರ, ಸಂಜೆ

ಪ್ರತಿಮೆ ನೋಡಿದೆ. ಚಿತ್ರಕ್ಕಿಂತ ಕೆಟ್ಟದಾಗಿದೆ. ಡಚ್‌ನ ಮುಖದಲ್ಲಿ ಮನೆ ಮಾರುವ ದಲ್ಲಾಳಿಯ ನಗು. ಬದುಕಿದ್ದಾಗ ಆ ಮನುಷ್ಯ ನಕ್ಕಿದ್ದನ್ನು ಯಾರೂ ನೋಡಿಲ್ಲ. ಕೆಳಗೆ ಕಲ್ಲಿನಲ್ಲಿ ಅವನ ಹೆಸರಿಗಿಂತ ದೊಡ್ಡದಾಗಿ ಹಾಸಿಗೆ ಕಂಪನಿಯ ಹೆಸರು. ಜನ ಸಾಲು ನಿಂತು ಆ ಕಂಚಿನ ಬಲಗೈ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ವೆಂಡೆಲ್ ಪಕ್ಕದಲ್ಲೇ ನಡೆದು ಹೋದರು. ಒಬ್ಬರಿಗೂ ಗುರುತು ಸಿಗಲಿಲ್ಲ. ಒಬ್ಬ ಹೆಂಗಸು ಫೋನ್ ಕೊಟ್ಟು, "ನಮ್ಮದೊಂದು ಫೋಟೋ ತೆಗೀತೀರಾ?" ಎಂದಳು. ತೆಗೆದುಕೊಟ್ಟರು. ನನಗೆ ಉಗಿಯಬೇಕು ಅನ್ನಿಸಿತು.

ಒಳಗೆ, ಮೈದಾನದ ಎಡಗಡೆ, ಮೂರನೇ ಬೇಸ್‌ನ ಹತ್ತಿರ ಮುಂದಿನ ಸಾಲು. ನಾನು, ಗಸ್, ವೆಂಡೆಲ್, ಕೊರಿನ್, ಅವಳ ಇಬ್ಬರು ಮಕ್ಕಳು. ಹಳೆಯ ಆಟಗಾರರ ಪೈಕಿ ಬಂದವನು ಎಡ್ಡಿ ಮ್ರೋಜ್ ಒಬ್ಬನೇ, ಆ ವರ್ಷ ವೆಂಡೆಲ್ ಎಸೆದ ಚೆಂಡು ಹಿಡಿಯುತ್ತಿದ್ದ ಕ್ಯಾಚರ್. ಎಪ್ಪತ್ತು ದಾಟಿದೆ. ಗ್ಲವ್ ಹಾಕಿಕೊಂಡು ಹಿಡಿಯಲು ನಿಂತಿದ್ದ. ಹಾಸಿಗೆ ಯಜಮಾನ ಎಸೆದ. ಚೆಂಡು ಎಲ್ಲೋ ಹೋಯಿತು. ಕೊಕ್ಕರೆ ವೇಷದವನು ಓಡಿ ಹೋಗಿ ತಂದ. ಜನ ನಕ್ಕರು.

ಆಗ ಹಿಂದಿನಿಂದ ಒಂದು ದನಿ. "ಅಲ್ಲಿ ಕೂತಿರೋದು ಟಿಬ್ಸ್ ಅಲ್ವಾ?"

ಆರ್ಡಿತ್. ಎದ್ದು ನಿಂತಿದ್ದಳು. "ವೆಂಡೆಲ್ ಟಿಬ್ಸ್ ಕಣ್ರಪ್ಪಾ. ಏಳ್ರೋ."

ಹಳಬರು ಒಬ್ಬೊಬ್ಬರಾಗಿ ಎದ್ದರು. ಬೆನ್ನು ಹಿಡಿದುಕೊಂಡು, ಕೋಲು ಊರಿಕೊಂಡು. ಹೊಸಬರು ಯಾಕೆಂದು ತಿಳಿಯದೆ ಎದ್ದರು. ಎಡ್ಡಿ ಅಲ್ಲಿಂದ ತಿರುಗಿ ನೋಡಿದ. ಕೊಕ್ಕರೆಯ ಕೈಯಿಂದ ಚೆಂಡು ಕಿತ್ತುಕೊಂಡು, ಮಂಡಿ ನೋವಿನ ನಡಿಗೆಯಲ್ಲಿ ಮೈದಾನ ದಾಟಿ ನಮ್ಮ ಕಟಕಟೆಯ ಹತ್ತಿರ ಬಂದ. ಚೆಂಡು ಕೊಟ್ಟ. ಹಿಂದೆ ಹಿಂದೆ ಹೋಗಿ, ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕೂತ.

ವೆಂಡೆಲ್ ಎಡಗೈಯಲ್ಲೇ ಹಿಡಿದರು. ಭುಜದಿಂದ ಮೇಲಕ್ಕೆ ಕೈ ಏಳಲಿಲ್ಲ. ಕೆಳಗಿನಿಂದ ಎಸೆದರು. ಚೆಂಡು ನೆಲಕ್ಕೆ ತಾಗಿ ಪುಟಿದು, ಉರುಳಿ, ಎಡ್ಡಿಯ ಗ್ಲವ್‌ಗೆ ಹೋಯಿತು. ಯಾರೂ ನಗಲಿಲ್ಲ.

ಆರ್ಡಿತ್ ಬಂದು ಮೊದಲಿನ ಹಾಗೆ ನನ್ನ ಪಕ್ಕ ಕೂತಳು. "ನಿನ್ನ ಮೇಲೆ ಸಿಟ್ಟು ಹಾಗೇ ಇದೆ" ಎಂದಳು. ಕಡಲೆಕಾಯಿಗೆ ಕೈ ಹಾಕಿದಳು.

ಸೋತೆವು, ಬೇರೆ ಹೇಳಬೇಕಾಗಿಲ್ಲ.

ಜುಲೈ 1

ಕ್ಲಬ್ಬಿನವರು ಆ ವಿಡಿಯೋ ಹಾಕಿದ್ದಾರೆ. ಮೆಲ್ಲನೆಯ ಪಿಯಾನೋ ಸೇರಿಸಿದ್ದಾರೆ. ಕೆಳಗೆ: 'ಡಚ್‌ನ ಮಕ್ಕಳು ಮತ್ತೆ ಒಂದಾದ ಕ್ಷಣ. ಕೊಕ್ಕರೆ ಕುಟುಂಬ ಯಾರನ್ನೂ ಮರೆಯುವುದಿಲ್ಲ.' ಆಮೇಲೆ ಹಾಸಿಗೆಯ ಜಾಹೀರಾತು.

ಬ್ರಾಕ್ ನನಗೂ ಸಂದೇಶ ಕಳಿಸಿದ್ದಾನೆ. 'ಎಂಥ ಸುಂದರ ದಿನ ಮೇಡಂ, ನಿಮ್ಮ ಸೈಟಿನಲ್ಲೂ ಹಾಕಿ.'

ಗಸ್‌ಗೆ ತೋರಿಸಿದೆ. ಅವನು ತಮಾಷೆ ಮಾಡಲಿಲ್ಲ. ಮೊದಲ ಸಲ.

ಜುಲೈ 8, ಭಾನುವಾರ

ವೆಂಡೆಲ್ ಅವರೇ ಕರೆದರು. "ಬರೀಬೇಕು ಅಂದ್ರೆ ಪೂರ್ತಿ ಬರೀರಿ. ಬನ್ನಿ." ಮನೆಯ ಮುಂದಿನ ಜಗಲಿಯಲ್ಲಿ ಕೂತೆವು. ಕೊರಿನ್ ಐಸ್ ಹಾಕಿದ ಟೀ ತಂದಿಟ್ಟಳು, ಈ ಸಲ ನಗುತ್ತ.

ಕೇಳಿದೆ: "ನೋವಾಗ್ತಿದೆ ಅಂತ ಡಚ್‌ಗೆ ಹೇಳಿದ್ರಾ?"

ಗ್ಲಾಸು ಕೆಳಗಿಟ್ಟು, ಎಡ ಮೊಣಕೈ ಹಿಡಿದುಕೊಂಡರು.

"ಸೂಜಿ ಹಾಕಿಸ್ದ, ಅದು ಹೌದು. ಅವನೇನು ಒಳ್ಳೆಯವನಲ್ಲ. ಆದ್ರೆ ಏಳನೇ ಇನ್ನಿಂಗ್ಸಲ್ಲಿ ಒಳಗೆ ಏನೋ ಹರೀತು. ಬಟ್ಟೆ ಹರಿದ ಹಾಗೆ ಕೇಳಿಸ್ತು ನಂಗೆ. ಬೆರಳೇ ಗೊತ್ತಾಗ್ತಿರಲಿಲ್ಲ. ಎಡ್ಡಿ ಓಡಿ ಬಂದ. ಅವನಿಗೆ ಹೇಳ್ದೆ, ಎಡ್ಡಿ, ಹೋಯ್ತು ಕಣೋ ಕೈ ಅಂತ. ಅಷ್ಟರಲ್ಲಿ ಡಚ್ ಬಂದ. ನನ್ನ ಕೇಳಲಿಲ್ಲ ಅವನು, ಎಡ್ಡೀನ ಕೇಳ್ದ. ಹೇಗೆ ಬರ್ತಿದೆ ಚೆಂಡು ಅಂತ."

"ಎಡ್ಡಿ ಏನಂದ?"

"ನನ್ನ ಮುಖ ನೋಡ್ದ. ಮೂವತ್ತು ದಾಟಿತ್ತು ಅವನಿಗೆ, ಒಂದು ಟ್ರೋಫಿಯೂ ಕಂಡಿರಲಿಲ್ಲ, ಅದೇ ಕೊನೇ ವರ್ಷ. ಚೆನ್ನಾಗೇ ಬರ್ತಿದೆ ಅಂದ. ನಾನೂ ಬಾಯಿ ಬಿಡಲಿಲ್ಲ. ಡಚ್ ತಲೆ ಆಡಿಸಿ ವಾಪಸ್ ಹೋದ."

ಟೀ ಬೆಚ್ಚಗಾಗಿತ್ತು. ಪೆನ್ನು ಕೈಯಲ್ಲಿ ಹಾಗೇ ಇತ್ತು. ಮೊನ್ನೆ ಮೈದಾನ ದಾಟಿ ಬಂದ ಆ ಮುದುಕನಿಗೆ ಇಡೀ ಊರಿನ ಜೊತೆ ನಾನೂ ಚಪ್ಪಾಳೆ ತಟ್ಟಿದ್ದೆ, ಕಣ್ಣು ಒರೆಸಿಕೊಂಡು.

"ಇದನ್ನ ಬರೀಬಹುದಾ?" ಎಂದೆ.

"ನನ್ನ ಕೈ ಬಗ್ಗೆ ನಾನು ಹೇಳ್ದೆ. ಅವನ ಮಾತಿಗೆ ಅವನನ್ನ ಕೇಳಿ" ಎಂದು ಎಡ್ಡಿಯ ನಂಬರ್ ಕೊಟ್ಟರು.

ಮನೆಗೆ ಬಂದೆ. ಗಸ್ ಟಿವಿ ಆರಿಸಿ ಎದುರು ಕೂತಿದ್ದಾನೆ. ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದೇನೆ, ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು. ರಿಂಗ್ ಆಗುತ್ತಿದೆ. ಎಡ್ಡಿ ಎತ್ತಿದ. ನನ್ನ ಹೆಸರು ಹೇಳಿದೆ, ವೆಂಡೆಲ್ ನಂಬರ್ ಕೊಟ್ಟರು ಎಂದೆ, ಏಳನೇ ಇನ್ನಿಂಗ್ಸ್ ಎಂದೆ. ಕೆಮ್ಮಿದ.

"ಅವನೇ ಹೇಳಿದ್ನಾ? ... ಸರಿ, ಬರ್ಕೊಳ್ಳಮ್ಮ. ನಾನು ಆವತ್ತು ಡಚ್‌ಗೆ ಸುಳ್ಳು ಹೇಳ್ದೆ."