ಠಾಣೆಯ ಅಂಗಳದಲ್ಲಿ ನಿಂತಿರುವ ನನ್ನ ಸಣ್ಣ ಕಾರು

ಮಾನ್ಯ ಠಾಣಾಧಿಕಾರಿಗಳೇ,

ನನ್ನ ಕಾರನ್ನು ಕಳ್ಳ ಒಂದು ದಿನವೂ ಪೂರ್ತಿ ಇಟ್ಟುಕೊಳ್ಳಲಿಲ್ಲ. ನೀವು ಕಳೆದ ನಾಗರಪಂಚಮಿಯಿಂದ ಇಟ್ಟುಕೊಂಡಿದ್ದೀರಿ. ಇಬ್ಬರಲ್ಲಿ ಯಾರ ಮೇಲೆ ದೂರು ಕೊಡಬೇಕೆಂದು ತಿಳಿಯದೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮೂಡುಬಿದಿರೆಯ ಪಿಜಿಗಳಲ್ಲಿರುವ ಕಾಲೇಜು ಮಕ್ಕಳಿಗೆ ಮಧ್ಯಾಹ್ನದ ಊಟ ಒಯ್ದು ಕೊಡುವುದು ನನ್ನ ಕೆಲಸ. ಘಟ್ಟದ ಮೇಲಿನ ಮಕ್ಕಳು ಕುಚ್ಚಲಕ್ಕಿ ಅನ್ನ ಕಂಡರೆ ಮುಖ ಸಿಂಡರಿಸುತ್ತಾರೆಂದು ಅವರಿಗೆ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನವನ್ನೇ ಬೇರೆ ಮಾಡುತ್ತೇನೆ. ಈ ಕೆಲಸಕ್ಕಾಗಿಯೇ ಕಾರು ತೆಗೆದದ್ದು. ನನ್ನ ಗಂಡ ವಸಂತ, "ದೊಡ್ಡದೇ ತೆಗೆಯುವ, ನಾಲ್ಕು ಜನರ ಎದುರು ಮರ್ಯಾದೆ ಉಂಟು" ಎಂದರು. "ಮರ್ಯಾದೆ ಲೀಟರಿಗೆ ಎಷ್ಟು ಓಡ್ತದೆ?" ಎಂದು ಕೇಳಿದೆ. ಮೈಲೇಜು ನೋಡಿ, ಬಿಡಿಭಾಗ ಎಲ್ಲ ಕಡೆ ಸಿಗುತ್ತದೆಯೇ ಎಂದು ವಿಚಾರಿಸಿ, ಹಿಂದಿನ ಸೀಟು ಮಡಚಿದರೆ ಪಾತ್ರೆಗಳು ಹಿಡಿಯುವ ಹಳೆಯ ಸಣ್ಣ ಕಾರೊಂದನ್ನು ಆರಿಸಿದೆ.

ಮನೆಯ ಭದ್ರತೆಯಲ್ಲೂ ನಾನು ತಮ್ಮ ಆಜ್ಞಾಧಾರಕಳೇ. ಪಂಚಾಯತ್ ಸಭಾಂಗಣದ ಜಾಗೃತಿ ಸಭೆಯಲ್ಲಿ ತಾವು ಹೇಳಿದಂತೆ ಅಂಗಳಕ್ಕೆ ಕ್ಯಾಮೆರಾ ಹಾಕಿಸಿದೆ, ಕಾರಿಗೆ ಗೇರ್ ಲಾಕ್ ಹಾಕಿಸಿದೆ. ಆದರೆ ಪಂಚಮಿಯ ಬೆಳಗ್ಗೆ ನಮ್ಮ ಕಡೆಯ ಪ್ರತಿ ಕುಟುಂಬವೂ ತನ್ನ ಮೂಲ ನಾಗಬನಕ್ಕೆ ಹಾಲೆರೆಯಲು ಹೋಗಲೇಬೇಕಲ್ಲ? ನಮ್ಮ ಬನ ಬೆಳ್ತಂಗಡಿಯ ಆಚೆ. ಪೆಟ್ರೋಲ್ ಉಳಿಯಲಿ ಎಂದು ಎಲ್ಲರೂ ಮೈದುನನ ಜೀಪಿನಲ್ಲೇ ಹೋದೆವು. ಬಾಗಿಲಿನ ಕೀ ತುಳಸಿಕಟ್ಟೆಯ ಗೂಡಿನಲ್ಲಿ, ಕಾರಿನದ್ದೂ ಗೇರ್ ಲಾಕಿನದ್ದೂ ಒಂದೇ ಗೊಂಚಲಾಗಿ ಅಡುಗೆಮನೆಯ ಮೊಳೆಯಲ್ಲಿ. ನಗಬೇಡಿ, ಈ ಊರಿನಲ್ಲಿ ಯಾರ ಮನೆಯ ಕೀ ಬೇರೆ ಕಡೆ ಉಂಟು? ಆ ದಿನ ಓಣಿಯ ಅಷ್ಟೂ ಮನೆಗಳು ಖಾಲಿ ಎಂಬುದು ಕಳ್ಳನಿಗೆ ಗೊತ್ತಿತ್ತು. ತಮ್ಮ ಬೀಟಿನವರಿಗೆ ಏಕೆ ಗೊತ್ತಿರಲಿಲ್ಲ?

ಹಾಲೆರೆದು ಕೈ ಮುಗಿಯುವಾಗ ಫೋನ್ ಬಂತು. ಊಟ ಬೇಕಾದವರು ಫೋನ್ ಮಾಡಲೆಂದು ಕಾರಿನ ಹಿಂದಿನ ಗಾಜಿನಲ್ಲಿ ನನ್ನ ನಂಬರ್ ಬರೆಸಿದ್ದೆ. "ಅಕ್ಕ, ನಿಮ್ಮ ಡ್ರೈವರ್ ಪೆಟ್ರೋಲ್ ಮುಗಿದು ಚಾರ್ಮಾಡಿಯ ಹತ್ತಿರ ನಿಂತಿದ್ದಾನೆ" ಎಂದರು ಯಾರೋ. "ನನಗೆ ಡ್ರೈವರೇ ಇಲ್ಲ ಮಾರಾಯ್ರೆ!" ಎಂದೆ. ಅಲ್ಲಿನವರೇ ಹಿಡಿದು ಕೊಟ್ಟರು. ಅಂದರೆ ಕಳ್ಳನನ್ನು ಹಿಡಿದದ್ದು ಆಯಾ ದಿನಕ್ಕೆ ಬೇಕಾದಷ್ಟೇ ಪೆಟ್ರೋಲ್ ಹಾಕಿಸುವ ನನ್ನ ಜಿಪುಣತನ. ಆದರೆ ಮರುದಿನ ಪತ್ರಿಕೆಯ ಫೋಟೋದಲ್ಲಿ ನನ್ನ ಕಾರಿನ ಮುಂದೆ ಸಾಲಾಗಿ ನಿಂತದ್ದು ತಾವು ಮತ್ತು ತಮ್ಮ ಸಿಬ್ಬಂದಿ. ಅಭಿನಂದನೆಗಳು.

ಆಮೇಲೆ ಸಾಕ್ಷ್ಯವೆಂದು ಕಾರು ಠಾಣೆಗೆ ಹೋಯಿತು. ಕ್ಯಾಮೆರಾದ ರೆಕಾರ್ಡಿಂಗ್ ಪೆಟ್ಟಿಗೆಯೂ ಸಾಕ್ಷ್ಯವಂತೆ, ಅದನ್ನೂ ಕಳಚಿ ಒಯ್ದರು. ಈಗ ಕ್ಯಾಮೆರಾ ಉಂಟು, ಅದು ಕಂಡದ್ದು ಎಲ್ಲಿಯೂ ದಾಖಲಾಗುವುದಿಲ್ಲ. ಕಾರಿನ ಟಯರುಗಳು ನೆಲಕ್ಕೆ ಕೂತಿವೆ, ಸೀಟಿನ ಮೇಲೆ ಬೂಷ್ಟು, ಬಾನೆಟ್ಟಿನ ಒಳಗೆ ಇಲಿ. ತಾತ್ಕಾಲಿಕವಾಗಿ ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದೇನೆ. ತಮ್ಮ ವರದಿ ಹೋಗದೆ ಅದು ಮುಂದೆ ಸರಿಯುವುದಿಲ್ಲ. ಕೇಳಲು ಬಂದಾಗಲೆಲ್ಲ ತಮ್ಮ ರೈಟರ್ ರುಕ್ಮಯ್ಯನವರು, "ಸಾಹೇಬ್ರು ಬಂದೋಬಸ್ತಿಗೆ ಹೋಗಿದ್ದಾರೆ ಅಕ್ಕ, ನಾಳೆ ಬನ್ನಿ" ಎನ್ನುತ್ತಾರೆ. ಪಾಪ, ಅವರಿಗೂ ಹೇಳಿ ಹೇಳಿ ಸಾಕಾಗಿದೆ.

ಊಟ ಈಗ ಬಸ್ಸಿನಲ್ಲಿ ಹೋಗುತ್ತದೆ. ರಶ್ಶಿದ್ದರೆ ಕಂಡಕ್ಟರ್ ಪಾತ್ರೆ ಹತ್ತಿಸುವುದಿಲ್ಲ, ಮುಂದಿನ ಬಸ್ಸಿಗೆ ಕಾಯಬೇಕು. ಪಿಜಿ ನಡೆಸುವ ಸಜ್ನಾ ಒಳ್ಳೆಯವಳು. ಅವಳೇ ಮೊನ್ನೆ, "ಮಕ್ಕಳು ಕ್ಲಾಸಿಗೆ ಹೋದ ಮೇಲೆ ಊಟ ಬಂದರೆ ಎಂತ ಮಾಡುವುದು ಪ್ರಫುಲ್ಲಕ್ಕ? ಈ ತಿಂಗಳು ನೋಡ್ತೇನೆ, ಮತ್ತೆ ಬೇರೆಯವರಿಗೆ ಹೇಳ್ತೇನೆ" ಎಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ತಮ್ಮ ಮೇಲೆ ಬಂತು, ಈಗಲೂ ಇಳಿದಿಲ್ಲ. ಆ ಪಿಜಿ ಕೈತಪ್ಪಿದರೆ ನನ್ನ ಅಡುಗೆ ಒಲೆ ಆರಿದ ಹಾಗೆಯೇ.

ಕಳೆದ ವಾರ ಅದೇ ಬಸ್ಸಿನಲ್ಲಿ ಪಾತ್ರೆ ಹಿಡಿದು ನಿಂತಿದ್ದೆ. ಒಬ್ಬ ಎದ್ದು ಸೀಟು ಬಿಟ್ಟುಕೊಟ್ಟ. ಮುಖ ನೋಡಿದರೆ ಕ್ಯಾಮೆರಾದ ದೃಶ್ಯ ನೋಡಿ ತಮ್ಮ ಠಾಣೆಯಲ್ಲಿ ನಾನೇ ಗುರುತಿಸಿದ ಆರೋಪಿ! ಜಾಮೀನಿನ ಮೇಲೆ ಹೊರಗೆ ಬಂದು ಎಷ್ಟೋ ಸಮಯವಾಯಿತಂತೆ. ತಲೆ ತಗ್ಗಿಸಿ, "ಅಕ್ಕ, ನಿಮ್ಮ ಗಾಡಿ ಇನ್ನೂ ಸಿಗಲಿಲ್ವಾ? ಪೆಟ್ರೋಲ್ ಇದ್ದಿದ್ದರೆ ನಾನೇ ತಂದು ಬಿಡ್ತಿದ್ದೆನೋ ಏನೋ" ಎಂದ. ಸಿಟ್ಟಿನಲ್ಲಿ ಮೈಯೆಲ್ಲ ಉರಿಯಿತು. ಆದರೂ ಹೇಳಬೇಕು ಸ್ವಾಮಿ, ಕಾರಿನ ಬಗ್ಗೆ ಇಷ್ಟು ದಿನಗಳಲ್ಲಿ ಅವನಾದರೂ ವಿಚಾರಿಸಿದ.

ಕಾರಿನ ಫೋಟೋ ಬೇಕಾದಷ್ಟು ತೆಗೆದುಕೊಳ್ಳಿ, ಪಂಚನಾಮೆ ಬರೆದುಕೊಳ್ಳಿ, ಪೆಟ್ಟಿಗೆಯ ದೃಶ್ಯಗಳನ್ನು ನಕಲು ಮಾಡಿಕೊಳ್ಳಿ. ಈ ತಿಂಗಳು ಮುಗಿಯುವ ಮೊದಲು ನ್ಯಾಯಾಲಯಕ್ಕೆ ವರದಿ ಕಳುಹಿಸಿ. ಕದ್ದವನಿಗೆ ಜಾಮೀನು ಸಿಗುವ ದೇಶದಲ್ಲಿ ಕಳವಾದ ಕಾರಿಗೂ ಅದು ಸಿಗಲಿ.

ಇಂತಿ,
ತಪ್ಪು ಮಾಡದೆಯೂ ಜಾಮೀನಿಗಾಗಿ ಕಾಯುತ್ತಿರುವ
ಪ್ರಫುಲ್ಲಾ